ಫ್ಲಾಪಿ ರೌಟರಿನಲ್ಲಿ ದೂರಪ್ರವೇಶದ ದೋಷನಿರ್ಣಯ

೧. ವಿಷಯನಿರ್ದೇಶ

ಒಂದೆಡೆಯಲ್ಲಿರುವ ಗಣಕಯಂತ್ರವನ್ನು ಮತ್ತೊಂದೆಡೆಯಲ್ಲಿ ಕುಳಿತು ನಡೆಯಿಸುವುದಕ್ಕೆ ದೂರಪ್ರವೇಶವೆಂದು ಹೆಸರು. ಈ ಕಾರ್ಯಕ್ಕೆ ಮೊದಲು ಟೆಲ್ನೆಟ್ ಎಂಬ ವ್ಯವಸ್ಥೆಯು ಬಳಕೆಯಲ್ಲಿದ್ದಿತು. ಅದರಲ್ಲಿ ಹೆಸರೂ ಪಾಸ್‌ವರ್ಡೂ ಯಾವ ಮರೆಯೂ ಇಲ್ಲದೆ ಜಾಲದ ಮೇಲೆ ಸಂಚರಿಸುತ್ತಿದ್ದುದರಿಂದ, ನಡುವೆ ಕಿವಿಗೊಟ್ಟವನಿಗೆ ಅವೆರಡೂ ಸುಲಭವಾಗಿ ದೊರೆಯುತ್ತಿದ್ದುವು. ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಹೀಗೆ ಪಾಸ್‌ವರ್ಡುಗಳ ಅಪಹರಣವು ನಡೆಯಲಾಗಿ, ಅಲ್ಲಿಯ ತತು ಯುಲೋನೆನ್ ಎಂಬವರು ೧೯೯೫ ರಲ್ಲಿ ಎಸ್‌ಎಸ್‌ಎಚ್ ಎಂಬ ವ್ಯವಸ್ಥೆಯನ್ನು ರಚಿಸಿದರು. ಓಪನ್‌ಬಿಎಸ್‌ಡಿ ಪಂಗಡದವರು ೧೯೯೯ ರಲ್ಲಿ ಓಪನ್‌ಎಸ್‌ಎಸ್‌ಎಚ್ ಎಂಬ ಮುಕ್ತರೂಪವನ್ನು ಹೊರತಂದರು.

ಈ ವ್ಯವಸ್ಥೆಯ ಪ್ರಯೋಜನಗಳು ಎರಡು. ಸಂಭಾಷಣೆಯನ್ನು ಗೂಢವಾಗಿರಿಸುವುದು ಒಂದು. ಎದುರಿಗಿರುವ ಯಂತ್ರವು ತಾನು ಬಯಸಿದ ಯಂತ್ರವೇ ಅಹುದೆಂದು ನಿಶ್ಚಯಪಡಿಸುವುದು ಮತ್ತೊಂದು. ಮೊದಲನೆಯದನ್ನು ಎಲ್ಲರೂ ಬಲ್ಲರು. ಎರಡನೆಯದು ಅನೇಕ ವೇಳೆ ಉಪೇಕ್ಷೆಗೆ ಗುರಿಯಾಗುತ್ತದೆ. ಫ್ಲಾಪಿಯಿಂದ ನಡೆಯುವ ಸಣ್ಣ ರೌಟರಿನಲ್ಲಿ ಈ ಉಪೇಕ್ಷೆಯು ಹೇಗೆ ಉಂಟಾಗುತ್ತದೆ, ಅದನ್ನು ಹೇಗೆ ನಿವಾರಿಸಬೇಕು ಎಂಬುದನ್ನು ಇತರ ದೋಷಗಳೊಡನೆ ಇಲ್ಲಿ ವಿಚಾರಿಸಲಾಗುವುದು.

೨. ಯಂತ್ರದ ಸ್ವರೂಪ

ಹಳೆಯದಾಗಿ ಮೂಲೆಗೆ ಬಿದ್ದ ಗಣಕಕ್ಕೆ ಎರಡು ಜಾಲದ ಕಾರ್ಡುಗಳನ್ನು ಹಾಕಿ, ಹಾರ್ಡ್ ಡಿಸ್ಕ್ ಇಲ್ಲದೆಯೇ ಒಂದು ಫ್ಲಾಪಿಯ ಬಲದಿಂದ ರೌಟರನ್ನಾಗಿ ಮಾಡುವ ಪದ್ಧತಿಯು ೧೯೯೦ ರ ದಶಕದ ಉತ್ತರಾರ್ಧದಲ್ಲಿ ಲಿನಕ್ಸ್ ರೌಟರ್ ಪ್ರಾಜೆಕ್ಟ್ ಎಂಬ ಯೋಜನೆಯಿಂದ ಪ್ರಸಿದ್ಧಿಗೆ ಬಂದಿತು. ಅದರಿಂದ ಹುಟ್ಟಿದ ಲೀಫ್ ಯೋಜನೆಯಲ್ಲಿ ಡಾಕ್‌ಸ್ಟೈನ್, ಬೇರಿಂಗ್ ಮೊದಲಾದ ಶಾಖೆಗಳಿದ್ದುವು. ಪ್ರಕೃತ ವಿಚಾರಕ್ಕೆ ಬೇರಿಂಗ್ ಶಾಖೆಯನ್ನೇ ಉದಾಹರಣೆಯಾಗಿಟ್ಟುಕೊಳ್ಳಬಹುದು.

ಸಾಮಾನ್ಯ ಫ್ಲಾಪಿಯಲ್ಲಿ ಎರಡು ಮುಖಗಳು, ಒಂದೊಂದು ಮುಖಕ್ಕೆ ೮೦ ವಲಯಗಳು, ಒಂದೊಂದು ವಲಯಕ್ಕೆ ೧೮ ಖಂಡಗಳು, ಒಂದೊಂದು ಖಂಡಕ್ಕೆ ೫೧೨ ಬೈಟುಗಳು; ಒಟ್ಟು ೧೪,೭೪,೫೬೦ ಬೈಟುಗಳು. ವಲಯಕ್ಕೆ ೨೧ ಖಂಡಗಳಂತೆ ಬಿಗಿಯಾಗಿ ಸಿದ್ಧಪಡಿಸಿದರೆ ೧೭,೨೦,೩೨೦ ಬೈಟುಗಳು ಹಿಡಿಯುತ್ತವೆ. ಇದೇ ೧೬೮೦ ಕಿಲೋಬೈಟಿನ ಫ್ಲಾಪಿ. ಇಷ್ಟರಲ್ಲಿಯೇ ಕರ್ನೆಲ್ಲೂ ಎಲ್ಲ ಪ್ಯಾಕೇಜುಗಳೂ ಅಡಗಬೇಕು.

ಯಂತ್ರವು ಎಚ್ಚರಗೊಂಡಾಗ ಈ ಪ್ಯಾಕೇಜುಗಳು ಬಿಚ್ಚಿ ಸ್ಮೃತಿಯಲ್ಲಿ, ಎಂದರೆ ರ‍್ಯಾಮಿನಲ್ಲಿ, ಹರಡಿಕೊಳ್ಳುತ್ತವೆ. ಆಮೇಲೆ ಮಾಡಿದ ಯಾವ ಬದಲಾವಣೆಯೂ ಸ್ಮೃತಿಯಲ್ಲಿ ಮಾತ್ರ ಇರುತ್ತದೆ. ಎಲ್‌ಆರ್‌ಸಿಎಫ್‌ಜಿ ಎಂಬ ಪಟ್ಟಿಯ ಮೂಲಕ ಫ್ಲಾಪಿಗೆ ಬರೆದ ಹೊರತು, ವಿದ್ಯುತ್ತು ಹೋದೊಡನೆ ಅದು ಇಲ್ಲವಾಗುತ್ತದೆ. ಇದು ಗುಣವೂ ಅಹುದು, ದೋಷವೂ ಅಹುದು. ಫ್ಲಾಪಿಗೆ ಬರಹತಡೆಯನ್ನು ಹಾಕಿದ್ದರೆ ನುಸುಳಿದವನು ಮಾಡಿದ ಕೆಡುಕು ಪುನರಾರಂಭದಿಂದ ಅಳಿಯುತ್ತದೆ. ಒಡೆಯನು ಮಾಡಿದ ತಿದ್ದುಪಾಟೂ ಹಾಗೆಯೇ ಅಳಿಯುತ್ತದೆ.

೩. ಲಕ್ಷಣಭೇದಗಳು

"ಪ್ರವೇಶವಾಗುವುದಿಲ್ಲ" ಎಂಬ ಒಂದೇ ಮಾತಿನಲ್ಲಿ ಹಲವು ದೋಷಗಳು ಅಡಗಿರುತ್ತವೆ. ವೈದ್ಯನು ಜ್ವರವೆಂಬ ಮಾತ್ರಕ್ಕೆ ಔಷಧವನ್ನು ಕೊಡದೆ ಲಕ್ಷಣಗಳನ್ನು ವಿಂಗಡಿಸುವಂತೆ, ಇಲ್ಲಿಯೂ ಮೊದಲು ವಿಂಗಡಣೆಯು ಆವಶ್ಯಕ.

(ಅ) ಮೌನ. ಕರೆದವನಿಗೆ ಬಹಳ ಹೊತ್ತಿನವರೆಗೂ ಯಾವ ಉತ್ತರವೂ ಬಾರದೆ ಕಾಲಾವಧಿಯು ಮೀರುತ್ತದೆ. ಇದರ ಅರ್ಥವೇನೆಂದರೆ, ಕರೆಯು ತಲಪಲಿಲ್ಲ, ಇಲ್ಲವೆ ತಲಪಿದುದನ್ನು ಫೈರ್‌ವಾಲ್ ಸದ್ದಿಲ್ಲದೆ ಎಸೆಯಿತು. ಬೇರಿಂಗಿನಲ್ಲಿ ಶೋರ್‌ವಾಲ್ ಎಂಬ ರಕ್ಷಣಾಕ್ರಮವಿದ್ದು, ಹೊರಗಿನಿಂದ ಬರುವುದನ್ನು ಎಸೆಯುವುದೇ ಅದರ ಸಹಜನಿಯಮ. ಎಸ್‌ಎಸ್‌ಎಚ್‌ಗೆ ಸಲ್ಲುವ ೨೨ ನೆಯ ಪೋರ್ಟನ್ನು ತೆರೆಯುವ ವಿಧಿಯನ್ನು ಅದರಲ್ಲಿ ಬರೆಯಬೇಕು. ಒಳಜಾಲದಿಂದ ಕರೆದಾಗ ಉತ್ತರ ಬಂದು ಹೊರಗಿನಿಂದ ಕರೆದಾಗ ಬಾರದಿದ್ದರೆ, ಅನ್ವಯವ್ಯತಿರೇಕಗಳಿಂದ ಎಸ್‌ಎಸ್‌ಎಚ್ ಸೇವೆಯು ನಡೆಯುತ್ತಿದೆಯೆಂದೂ ದೋಷವು ಮಾರ್ಗದಲ್ಲಿಯೋ ರಕ್ಷಣಾವಿಧಿಯಲ್ಲಿಯೋ ಇದೆಯೆಂದೂ ಸಿದ್ಧವಾಗುತ್ತದೆ.

(ಆ) ನಿರಾಕರಣೆ. ಕರೆದೊಡನೆಯೇ "ನಿರಾಕೃತ" ಎಂಬ ಉತ್ತರ ಬರುತ್ತದೆ. ಮೌನಕ್ಕಿಂತ ಇದು ಒಳ್ಳೆಯ ಲಕ್ಷಣ. ಏಕೆಂದರೆ ಮಾರ್ಗವು ಸರಿಯಾಗಿದೆ. ಫೈರ್‌ವಾಲ್ ತಾನೇ ನಿರಾಕರಿಸಿಲ್ಲವಾದರೆ, ಆ ಪೋರ್ಟಿನಲ್ಲಿ ಕೇಳುವವರು ಯಾರೂ ಇಲ್ಲವೆಂದು ತಿಳಿಯಬೇಕು. ಕಾರಣಗಳನ್ನು ಕ್ರಮವಾಗಿ ನೋಡತಕ್ಕದ್ದು: ಪ್ಯಾಕೇಜನ್ನು ಫ್ಲಾಪಿಗೆ ಹಾಕಿದ್ದರೂ ಆರಂಭದ ಕಡತದ ಪಟ್ಟಿಯಲ್ಲಿ ಅದರ ಹೆಸರನ್ನು ಸೇರಿಸದಿರುವುದು, ಅದಕ್ಕೆ ಬೇಕಾದ ಲಿಬ್‌ಜೆಡ್ ಎಂಬ ಸಹಾಯಕ ಪ್ಯಾಕೇಜು ಇಲ್ಲದಿರುವುದು, ಯಂತ್ರದ ಕೀಲಿಗಳೇ ಇಲ್ಲದೆ ಸೇವೆಯು ಆರಂಭದಲ್ಲಿಯೇ ನಿಂತುಹೋಗುವುದು. ೨೦೦೨ ರ ಓಪನ್‌ಎಸ್‌ಎಸ್‌ಎಚ್ ೩.೩ ರಿಂದ ಅಧಿಕಾರವಿಭಜನೆಯು ಸಹಜನಿಯಮವಾದುದರಿಂದ, ಎಸ್‌ಎಸ್‌ಎಚ್‌ಡಿ ಎಂಬ ಹೆಸರಿನ ಬಳಕೆದಾರನು ಪಾಸ್‌ವರ್ಡ್ ಕಡತದಲ್ಲಿ ಇಲ್ಲದಿದ್ದರೂ ಸೇವೆಯು ಏಳಲಾರದು. ರೌಟರಿನ ಎದುರಿಗೆ ಕುಳಿತು ಸೇವೆಯನ್ನು ಶೋಧನಕ್ರಮದಲ್ಲಿ ಮುನ್ನೆಲೆಯಲ್ಲಿ ನಡೆಯಿಸಿದರೆ, ಇವುಗಳಲ್ಲಿ ಯಾವುದೆಂಬುದನ್ನು ಅದು ತಾನೇ ಹೇಳುತ್ತದೆ.

(ಇ) ಬಾಗಿಲು ತೆರೆದು ಮುಚ್ಚುವುದು. ಸಂಬಂಧವು ಏರ್ಪಟ್ಟು, ಪಾಸ್‌ವರ್ಡನ್ನು ಕೇಳುವ ಮೊದಲೇ ಕಡಿದುಹೋಗುತ್ತದೆ. ಅನುಮತರ ಮತ್ತು ನಿಷಿದ್ಧರ ಪಟ್ಟಿಗಳನ್ನು ಇಲ್ಲಿ ಪರೀಕ್ಷಿಸಬೇಕು. ಈಟಿಸಿ ಕೋಶದ ಹೋಸ್ಟ್ಸ್.ಅಲೌ, ಹೋಸ್ಟ್ಸ್.ಡಿನೈ ಎಂಬ ಕಡತಗಳೇ ಅವು. ಟೆಲ್ನೆಟ್ಟಿನಿಂದಲೇ ೨೨ ನೆಯ ಪೋರ್ಟನ್ನು ಕರೆದು ನೋಡುವುದು ಸುಲಭವಾದ ಪರೀಕ್ಷೆ: ಸ್ವಸ್ಥವಾದ ಸೇವೆಯು ಎಸ್‌ಎಸ್‌ಎಚ್ ಎಂದು ಮೊದಲಾಗುವ ಒಂದು ಸಾಲಿನಿಂದ ತನ್ನ ಪರಿಚಯವನ್ನು ಹೇಳಿಕೊಳ್ಳುತ್ತದೆ.

(ಈ) ಪಾಸ್‌ವರ್ಡಿನ ತಿರಸ್ಕಾರ. ಈ ಫ್ಲಾಪಿಗಳಲ್ಲಿ ರೂಟ್ ಎಂಬ ಮುಖ್ಯಾಧಿಕಾರಿಗೆ ಮೊದಲು ಪಾಸ್‌ವರ್ಡೇ ಇರುವುದಿಲ್ಲ. ಎದುರಿಗೆ ಕುಳಿತವನಿಗೆ ಪ್ರವೇಶ ದೊರೆಯುತ್ತದೆ. ಶೂನ್ಯ ಪಾಸ್‌ವರ್ಡನ್ನು ಎಸ್‌ಎಸ್‌ಎಚ್ ಸಹಜವಾಗಿ ಒಪ್ಪದು. ಪಾಸ್‌ವರ್ಡನ್ನಿಟ್ಟು ಫ್ಲಾಪಿಗೆ ಬರೆಯುವುದೇ ಪರಿಹಾರ. ರೂಟ್‌ನ ಪ್ರವೇಶವನ್ನು ನಿಷೇಧಿಸುವ ವಿಧಿಯನ್ನೂ, ಕೀಲಿಯ ಕಡತವು ಇತರರು ಬರೆಯಬಹುದಾದಂತೆ ಸಡಿಲವಾಗಿರುವುದನ್ನೂ ಜೊತೆಗೆ ನೋಡಬೇಕು.

(ಉ) ವಿಳಂಬ. ಪಾಸ್‌ವರ್ಡನ್ನು ಕೇಳಲು ಅರ್ಧನಿಮಿಷದಷ್ಟು ತಡವಾದರೆ, ಕರೆದವನ ಅಂಕಿಯ ವಿಳಾಸದಿಂದ ಹೆಸರನ್ನು ಹುಡುಕುವ ಯತ್ನವು ವಿಫಲವಾಗುತ್ತಿರುವ ಸಂಭವವುಂಟು.

೪. ಕೀಲಿಯ ವಿಚಾರ

ಮೇಲಿನವೆಲ್ಲವೂ ಕೆಲಸವನ್ನು ನಿಲ್ಲಿಸುವ ದೋಷಗಳು. ಆದಕಾರಣ ಅವು ಮರೆಯಾಗಿ ಉಳಿಯಲಾರವು. ಕೆಲಸವು ನಡೆಯುತ್ತಿರುವಂತೆಯೇ ರಕ್ಷಣೆಯನ್ನು ನಾಶಮಾಡುವ ದೋಷವು ಬೇರೊಂದುಂಟು.

ಎಸ್‌ಎಸ್‌ಎಚ್ ಸೇವೆಯನ್ನು ನಡೆಯಿಸುವ ಪ್ರತಿಯೊಂದು ಯಂತ್ರಕ್ಕೂ ತನ್ನದೇ ಆದ ಕೀಲಿಯಿರುತ್ತದೆ. ಮೊದಲ ಭೇಟಿಯಲ್ಲಿ ಕರೆದವನ ಗಣಕವು ಅದರ ಬಹಿರಂಗ ಭಾಗವನ್ನು ಬರೆದಿಟ್ಟುಕೊಂಡು, ಮುಂದಿನ ಭೇಟಿಗಳಲ್ಲಿ ಹೋಲಿಸಿ ನೋಡುತ್ತದೆ. ಭಿನ್ನವಾಗಿದ್ದರೆ, ನಡುವೆ ಯಾರೋ ನಿಂತು ವಂಚಿಸುತ್ತಿರಬಹುದೆಂದು ಎಚ್ಚರಿಸುತ್ತದೆ. ಫ್ಲಾಪಿ ರೌಟರಿನಲ್ಲಿ ಕೀಲಿಯನ್ನು ಉಂಟುಮಾಡಿ ಫ್ಲಾಪಿಗೆ ಬರೆಯದಿದ್ದರೆ, ವಿದ್ಯುತ್ತು ಹೋದಾಗಲೆಲ್ಲ ಕೀಲಿಯು ನಷ್ಟವಾಗುತ್ತದೆ. ಒಡೆಯನು ಹೊಸದನ್ನು ಮಾಡುತ್ತಾನೆ, ಎಚ್ಚರಿಕೆ ಬರುತ್ತದೆ, ಹಳೆಯ ಸಾಲನ್ನು ಅಳಿಸಿ ಮುಂದುವರಿಯುತ್ತಾನೆ. ನಾಲ್ಕಾರು ಸಲ ಹೀಗಾದ ಮೇಲೆ ಎಚ್ಚರಿಕೆಯನ್ನು ಓದುವುದೇ ನಿಂತುಹೋಗುತ್ತದೆ. ನಿಜವಾಗಿಯೂ ವಂಚಕನು ನಡುವೆ ನಿಂತ ದಿನವೂ ಅದೇ ಎಚ್ಚರಿಕೆ, ಅದೇ ಅಳಿಸುವಿಕೆ. ಪಾಸ್‌ವರ್ಡು ನೇರವಾಗಿ ವಂಚಕನ ಕೈಸೇರುತ್ತದೆ. ಸಂಭಾಷಣೆಯು ಗೂಢವಾಗಿಯೇ ಇರುತ್ತದೆ, ಆದರೆ ಅದು ನಡೆಯುವುದು ಶತ್ರುವಿನೊಡನೆ.

ಇದರ ಪರಿಹಾರದಲ್ಲಿ ಮೂರು ಅಂಶಗಳುಂಟು. ಮೊದಲನೆಯದು, ಕೀಲಿಯನ್ನು ಒಮ್ಮೆ ಮಾತ್ರ ಉಂಟುಮಾಡಿ, ಅದು ಯಾವ ಪ್ಯಾಕೇಜಿನ ಕಡತಪಟ್ಟಿಗೆ ಸೇರಿದೆಯೋ ಅದೇ ಪ್ಯಾಕೇಜನ್ನು ಫ್ಲಾಪಿಗೆ ಬರೆಯುವುದು; ಬೇರೆ ಪ್ಯಾಕೇಜನ್ನು ಬರೆದರೆ ಫಲವಿಲ್ಲ. ಬರಹತಡೆಯು ತೆಗೆದಿದೆಯೇ, ಸ್ಥಳವು ಸಾಲುತ್ತದೆಯೇ ಎಂದು ಮೊದಲು ನೋಡಿ, ಬರೆದಾದ ಮೇಲೆ ಯಂತ್ರವನ್ನು ಪುನರಾರಂಭಿಸಿ ಪರೀಕ್ಷಿಸಬೇಕು. ಎರಡನೆಯದು, ಕೀಲಿಯ ಬೆರಳಚ್ಚನ್ನು ರೌಟರಿನ ಎದುರಿಗೇ ಕಾಗದದ ಮೇಲೆ ಬರೆದುಕೊಂಡು, ಮೊದಲ ಭೇಟಿಯಲ್ಲಿ ತಾಳೆನೋಡುವುದು. ಮೂರನೆಯದು, ಕೀಲಿಯನ್ನು ಹಾರ್ಡ್ ಡಿಸ್ಕುಳ್ಳ ಬೇರೆ ಗಣಕದಲ್ಲಿ ಸಿದ್ಧಪಡಿಸಿ ತರುವುದು. ಕೀಲಿಗೆ ಯಾದೃಚ್ಛಿಕ ಸಂಖ್ಯೆಗಳು ಬೇಕು. ಡಿಸ್ಕೂ ಕೀಲಿಮಣೆಯ ಬಳಕೆಯೂ ಇಲ್ಲದ ಸಣ್ಣ ಯಂತ್ರವು ಆಗತಾನೆ ಎದ್ದಾಗ ಅಂಥವು ಅದಕ್ಕೆ ದುರ್ಲಭ. ೨೦೧೨ ರಲ್ಲಿ ಪ್ರಕಟವಾದ, ಅಂತರ್ಜಾಲವನ್ನೆಲ್ಲ ಶೋಧಿಸಿದ ಅಮೆರಿಕದ ಸಂಶೋಧಕರ ಪ್ರಬಂಧವೊಂದರಲ್ಲಿ, ರೌಟರಿನಂಥ ಅನೇಕ ಸಣ್ಣ ಯಂತ್ರಗಳು ಈ ಕೊರತೆಯಿಂದ ದುರ್ಬಲವಾದ ಕೀಲಿಗಳನ್ನು ಹೊಂದಿದ್ದುದು ಸಿದ್ಧಪಟ್ಟಿತು. ಕೀಲಿಯುಳ್ಳ ಫ್ಲಾಪಿಯನ್ನು ನಕಲುಮಾಡಿ ಹಲವು ರೌಟರುಗಳಿಗೆ ಹಂಚುವುದೂ ಇದೇ ಕಾರಣದಿಂದ ನಿಷಿದ್ಧ. ಎಲ್ಲವಕ್ಕೂ ಒಂದೇ ಗುರುತಾದರೆ ಗುರುತಿನ ಪ್ರಯೋಜನವೇ ಇಲ್ಲ.

೫. ಉಪಸಂಹಾರ

ಸೋನಿ ಸಂಸ್ಥೆಯು ೨೦೧೧ ರಲ್ಲಿ ಫ್ಲಾಪಿಗಳ ಮಾರಾಟವನ್ನು ನಿಲ್ಲಿಸಿತು. ೨೦೧೭ ರ ಓಪನ್‌ಎಸ್‌ಎಸ್‌ಎಚ್ ೭.೬ ರಲ್ಲಿ ದುರ್ಬಲವೆನಿಸಿದ ಎಸ್‌ಎಸ್‌ಎಚ್ ಮೊದಲ ಪ್ರಕರಣದ ಬೆಂಬಲವನ್ನು ಪೂರ್ತಿಯಾಗಿ ಕೈಬಿಡಲಾಯಿತು. ಹಳೆಯ ಫ್ಲಾಪಿಯ ಸೇವೆಯನ್ನು ಈಗ ಹೊರಜಾಲಕ್ಕೆ ತೆರೆಯುವುದು ಯುಕ್ತವಲ್ಲ; ಅಭ್ಯಾಸಕ್ಕಾಗಿ ಒಳಜಾಲದಲ್ಲಿ ಉಪಯೋಗಿಸಬಹುದು. ಆದರೆ ಸ್ಮೃತಿಯಲ್ಲಿಯೇ ನಡೆದು ಪುನರಾರಂಭದಲ್ಲಿ ಎಲ್ಲವನ್ನೂ ಮರೆಯುವ ವ್ಯವಸ್ಥೆಗಳು ಈಗಲೂ ಬಹಳವಾಗಿವೆ. ಮೇಲಿನ ವಿಚಾರವು ಅವುಗಳಿಗೂ ಅನ್ವಯಿಸುತ್ತದೆ. ಲಕ್ಷಣವನ್ನು ವಿಂಗಡಿಸಿದ ಮೇಲೆಯೇ ಪರಿಹಾರಕ್ಕೆ ಕೈಹಾಕಬೇಕು. ತಿದ್ದಿದುದನ್ನು ಬರೆದು, ಪುನರಾರಂಭದಿಂದ ಪರೀಕ್ಷಿಸಿದ ಹೊರತು ಪರಿಹಾರವಾಯಿತೆಂದು ತಿಳಿಯಬಾರದು. ಕೀಲಿಯು ಬದಲಾಯಿತೆಂಬ ಎಚ್ಚರಿಕೆಯ ಕಾರಣವನ್ನು ಅರಿಯದೆ ಅದನ್ನು ಎಂದಿಗೂ ಅಳಿಸಬಾರದು.