ಪೆಟ್ಟಿಗೆಯೊಳಗಿನ ವಿಮಾನಗಳು

ಕರಾವಳಿಯ ಮಳೆಗಾಲ ಮನೆಯ ಯಾವ ವಸ್ತುವನ್ನೂ ಸುಮ್ಮನೆ ಬಿಡುವುದಿಲ್ಲ. ಆಷಾಢ ಶ್ರಾವಣಗಳು ಕಳೆದು ಬಿಸಿಲು ನೆಲೆನಿಂತಿತೆಂದರೆ ನಮ್ಮ ಬೀಜಾಡಿಯಲ್ಲಿ ಹಾಸಿಗೆ, ಹೊದಿಕೆ, ಪುಸ್ತಕ, ರೇಷ್ಮೆಸೀರೆಗಳೆಲ್ಲವೂ ಅಂಗಳಕ್ಕಿಳಿಯುತ್ತವೆ. ಕಡಲು ಇರುವುದು ಕೂಗಳತೆಯ ದೂರದಲ್ಲಿ. ಉಪ್ಪುಗಾಳಿ ಬಾಗಿಲ ಚಿಲಕವನ್ನೇ ತಿನ್ನುವಾಗ ಕಾಗದದ ಪಾಡೇನು? ಹೋದ ವರ್ಷ ಹೀಗೆ ಅಟ್ಟದಿಂದ ಇಳಿಸಿದ ತಗಡಿನ ಪೆಟ್ಟಿಗೆಯೊಂದರ ತಳದಲ್ಲಿ, ಹಳೆಯ ತೀರ್ವೆ ರಸೀದಿಗಳ ನಡುವೆ, ಒಂದು ಛಾಯಾಚಿತ್ರ ದೊರೆಯಿತು. ಏಳು ಮಂದಿ ಯುವಕರು ಸಾಲಾಗಿ ನಿಂತಿದ್ದಾರೆ. ಅವರ ತಲೆಯ ಮೇಲೆ ಚಪ್ಪರದಂತೆ ಒಂದು ವಿಮಾನದ ರೆಕ್ಕೆ ಚಾಚಿದೆ.

ಈ ಪಟದ ಕೀರ್ತಿಯನ್ನು ನಾನು ಬಾಲ್ಯದಿಂದಲೂ ಕೇಳಿದ್ದೆ. ಕಣ್ಣಾರೆ ಕಂಡದ್ದು ಅಂದೇ ಮೊದಲು. “ಅಜ್ಜಯ್ಯ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿದ್ದರು, ನಮ್ಮ ದೇಶದವರೇ ಕಟ್ಟಿದ ಮೊದಲ ವಿಮಾನದೊಂದಿಗೆ ತೆಗೆಸಿಕೊಂಡ ಪಟವಿದೆ” ಎಂಬುದು ನಮ್ಮ ಮನೆಯ ಮಕ್ಕಳೆಲ್ಲರೂ ಹೆಮ್ಮೆಯಿಂದ ಹೇಳಿಕೊಂಡು ಬಂದ ಮಾತು. ಪಟ ಸಿಕ್ಕಿದೊಡನೆ ಅಜ್ಜಯ್ಯನನ್ನು ಹುಡುಕುವ ಕೆಲಸ ಆರಂಭವಾಯಿತು. ಎಡದಿಂದ ಮೂರನೆಯವರು ಎಂದರು ದೊಡ್ಡ ಮಾವ. ಅಲ್ಲ, ಕೊನೆಯಲ್ಲಿ ಕೈಕಟ್ಟಿ ನಿಂತವರು ಎಂದರು ಚಿಕ್ಕಮ್ಮ. ಇಬ್ಬರೂ ತಂದೆಯನ್ನು ಕಂಡವರೇ; ಆದರೆ ಇಪ್ಪತ್ತೈದರ ಹರೆಯದಲ್ಲಿ ಕಂಡವರಲ್ಲ. ಪಟದ ಬೆನ್ನನ್ನು ತಿರುಗಿಸಿ ನೋಡಿದೆವು. ಬೂಸ್ಟಿನ ಕಲೆಗಳಲ್ಲದೆ ಅಲ್ಲಿ ಒಂದಕ್ಷರವೂ ಇರಲಿಲ್ಲ.

ಯಂತ್ರಶಾಸ್ತ್ರ ನನ್ನ ವಿಷಯವಲ್ಲ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು ನಾನು. ಆದರೂ ಓಲೆಗರಿಯ ಕಾಲವನ್ನು ಅಕ್ಷರದ ರೂಪದಿಂದ ಊಹಿಸುವಂತೆ ವಿಮಾನದ ಕುಲವನ್ನು ಅದರ ಅವಯವಗಳಿಂದ ಅರಿಯಬಹುದೆಂದು ಓದಿ ತಿಳಿದುಕೊಂಡೆ. ನೋಡಬೇಕಾದ ಗುರುತುಗಳು ನಾಲ್ಕು: ಎಂಜಿನ್ನುಗಳೆಷ್ಟು, ರೆಕ್ಕೆ ಒಡಲಿನ ಮೇಲ್ಭಾಗದಲ್ಲಿದೆಯೋ ಕೆಳಭಾಗದಲ್ಲಿದೆಯೋ, ಚಿಕ್ಕ ಗಾಲಿ ಮೂಗಿನ ಕೆಳಗಿದೆಯೋ ಬಾಲದ ಕೆಳಗಿದೆಯೋ, ಬಾಲದ ಆಕಾರವೆಂತಹುದು. ನಮ್ಮವರೇ ರೂಪಿಸಿ ಕಟ್ಟಿದ ಎಚ್.ಟಿ.-2 ಎಂಬ ತರಬೇತಿ ವಿಮಾನ ಮೊದಲು ಹಾರಿದ್ದು 1951ರ ಆಗಸ್ಟ್ ತಿಂಗಳಲ್ಲಿ; ಅದರ ವಿನ್ಯಾಸವನ್ನು ಮಾಡಿದವರು ಡಾ. ವಿ. ಎಂ. ಘಾಟಗೆ. ಅದಕ್ಕಿರುವುದು ಒಂದೇ ಎಂಜಿನ್, ಒಬ್ಬರ ಹಿಂದೊಬ್ಬರು ಕೂರುವಂತೆ ಎರಡೇ ಆಸನ, ರೆಕ್ಕೆಯಾದರೋ ಕೆಳಭಾಗದಲ್ಲಿ. ಅದರ ರೆಕ್ಕೆಯಡಿ ಏಳು ಮಂದಿ ನಿಲ್ಲುವ ಮಾತಿರಲಿ, ಏಳು ಕೋಳಿಗಳು ನಿಲ್ಲುವುದೂ ಕಷ್ಟ!

ನಮ್ಮ ಪಟದಲ್ಲಿದ್ದ ರೆಕ್ಕೆ ಎತ್ತರದಲ್ಲಿತ್ತು. ಒಂದು ಬದಿಯಲ್ಲಿಯೇ ಎರಡು ಎಂಜಿನ್ನುಗಳು ಕಾಣುತ್ತಿದ್ದವು. ಹಿಂದೆ ಮಸುಕಾಗಿ ಕಂಡ ಬಾಲದಲ್ಲಿ ಮೊಟ್ಟೆಯಾಕಾರದ ಜೋಡಿ ಹಲಗೆಗಳು. ಸಂಶಯಕ್ಕೆ ಎಡೆಯೇ ಇಲ್ಲ: ಅದು ಲಿಬರೇಟರ್, ಎರಡನೆಯ ಮಹಾಯುದ್ಧದ ಬಾಂಬರು.

ಈ ಲಿಬರೇಟರುಗಳು ಬೆಂಗಳೂರಿಗೆ ಬಂದ ಕಥೆ ಯಾವ ಧಾರಾವಾಹಿಗೂ ಕಡಮೆಯಾದುದಲ್ಲ. ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದ್ದು 1940ರ ಡಿಸೆಂಬರಿನಲ್ಲಿ. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಯುದ್ಧಕಾಲದಲ್ಲಿ ಅಮೆರಿಕದ ವಾಯುಸೇನೆಯ ವಿಮಾನಗಳ ದುರಸ್ತಿ ಅಲ್ಲಿಯೇ ನಡೆಯಿತು. ಯುದ್ಧ ಮುಗಿದ ಮೇಲೆ ಬ್ರಿಟಿಷರು ಕಾನ್ಪುರದಲ್ಲಿ ಹಲವಾರು ಲಿಬರೇಟರುಗಳನ್ನು ಮತ್ತೆ ಹಾರದಂತೆ ಕೆಡಿಸಿ ಗುಜರಿಯಾಗಿ ಬಿಟ್ಟುಹೋದರು. ಸ್ವಾತಂತ್ರ್ಯ ಬಂದಿತ್ತು, ದೇಶಕ್ಕೆ ಭಾರೀ ಬಾಂಬರುಗಳು ಬೇಕಾಗಿದ್ದವು. ಬೆಂಗಳೂರಿನ ಕಾರ್ಖಾನೆಯವರು ಆ ಗುಜರಿಯ ರಾಶಿಯಲ್ಲಿ ಜೀವವಿದ್ದುದನ್ನು ಆರಿಸಿದರು. ಹಾರಲು ಬರುವಷ್ಟು ಮಾತ್ರ ಸರಿಪಡಿಸಿದ ಆ ಯಂತ್ರಗಳನ್ನು ಜಿಮ್ಮಿ ಮುನ್ಷಿ ಎಂಬ ಧೀರ ವಿಮಾನಚಾಲಕರು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಹೀಗೆ ನಲವತ್ತಕ್ಕೂ ಹೆಚ್ಚು ವಿಮಾನಗಳು ಮರುಹುಟ್ಟು ಪಡೆದವು. 1948ರಿಂದ ಎರಡು ದಶಕಗಳ ಕಾಲ ಅವು ಭಾರತೀಯ ವಾಯುಪಡೆಯ ಸೇವೆಯಲ್ಲಿದ್ದು 1968ರಲ್ಲಿ ನಿವೃತ್ತವಾದವು. ಜಗತ್ತಿನಲ್ಲಿ ಹದಿನೆಂಟು ಸಾವಿರಕ್ಕೂ ಮೀರಿ ತಯಾರಾಗಿದ್ದ ಈ ಜಾತಿಯ ವಿಮಾನಗಳಲ್ಲಿ ಇಂದು ಉಳಿದಿರುವುವು ಬೆರಳೆಣಿಕೆಯಷ್ಟು. ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ವಸ್ತುಸಂಗ್ರಹಾಲಯದಲ್ಲಿಯೂ ಅಮೆರಿಕದ ಅರಿಜೋನಾದ ಪೀಮಾ ವಸ್ತುಸಂಗ್ರಹಾಲಯದಲ್ಲಿಯೂ ನಿಂತಿರುವ ಲಿಬರೇಟರುಗಳು ನಮ್ಮ ವಾಯುಪಡೆಯಿಂದ ಹೋದವು. ಬೆಂಗಳೂರಿನ ಕೈಗಳು ಬದುಕಿಸಿದವು.

ಇಷ್ಟನ್ನು ತಿಳಿದ ಮೇಲೆ ನನ್ನ ಉತ್ಸಾಹ ಇಮ್ಮಡಿಯಾಯಿತು. ವಿಮಾನ ಬೇರೆಯಾದರೇನು, ಅಜ್ಜಯ್ಯನ ಕೀರ್ತಿ ಹೆಚ್ಚಿತೇ ಹೊರತು ಕುಗ್ಗಲಿಲ್ಲವಷ್ಟೆ! ಪಟವನ್ನು ಎತ್ತಿಕೊಂಡು ಅಮ್ಮಮ್ಮನ ಬಳಿಗೆ ಹೋದೆ. ಅವರಿಗೀಗ ತೊಂಬತ್ತು. ಬಲಗಣ್ಣಿಗೆ ಮಾತ್ರ ಶಸ್ತ್ರಚಿಕಿತ್ಸೆಯಾಗಿದೆ. ಜಗಲಿಯ ಬೆಳಕಿಗೆ ಪಟವನ್ನು ಹಿಡಿದು ಬಹಳ ಹೊತ್ತು ನೋಡಿದರು.

“ಇದ್ರಗೆ ನಿನ್ನ ಅಜ್ಜಯ್ಯ ಇಲ್ಲೆ ಮಗಾ,” ಎಂದರು.

“ಮತ್ತೆ ಇಷ್ಟು ವರ್ಷ ಹೇಳಲೇ ಇಲ್ಲವಲ್ಲ ಅಮ್ಮಮ್ಮ?”

“ಕೇಂಡವ್ರ್ ಯಾರ್?”

ಅಜ್ಜಯ್ಯ ಇದ್ದದ್ದು ಕಾರ್ಖಾನೆಯಲ್ಲಲ್ಲ, ಕಾರ್ಖಾನೆಯ ಹಾದಿಯ ಒಂದು ಹೋಟೆಲಿನಲ್ಲಿ. ನಮ್ಮೂರಿನ ಎಷ್ಟೋ ಹುಡುಗರಂತೆ ಹದಿನೈದರ ಪ್ರಾಯದಲ್ಲಿ ಘಟ್ಟ ಹತ್ತಿದವರು. ಲೋಟ ತೊಳೆದು, ಸಪ್ಲೈಯರಾಗಿ, ಕೊನೆಗೆ ಗಲ್ಲಾದ ಮೇಲೆ ಕುಳಿತರು. ಪಾಳಿ ಬಿಟ್ಟೊಡನೆ ಈ ಏಳು ಮಂದಿ ಅಲ್ಲಿಗೆ ಬರುತ್ತಿದ್ದರಂತೆ. ಮದುವೆಯಾದ ಹೊಸದರಲ್ಲಿ ಅಮ್ಮಮ್ಮನೂ ಹೋಟೆಲಿನ ಹಿಂದಿನ ವಠಾರದಲ್ಲಿ ಎರಡು ವರ್ಷ ಇದ್ದರು. ದೊಡ್ಡ ವಿಮಾನ ಮೇಲೆ ಹೋದಾಗ ಕಪಾಟಿನ ಹಿತ್ತಾಳೆ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದುದು ಅವರಿಗೆ ಇನ್ನೂ ನೆನಪಿದೆ. ಏಳು ಮಂದಿಯಲ್ಲೊಬ್ಬರು ಬೇರೆ ಊರಿಗೆ ಹೊರಟು ನಿಂತಾಗ ಖಾತೆಯ ಬಾಕಿಯನ್ನು ಪೂರ್ತಿ ಚುಕ್ತಾ ಮಾಡಿ, ಮೇಲೆ ಈ ಪಟವನ್ನೂ ಕೊಟ್ಟು ಹೋದರಂತೆ. ‘ಕಾರ್ಖಾನೆಯ ಹತ್ತಿರ’ ಎಂಬುದು ಎರಡು ತಲೆಮಾರಿನಲ್ಲಿ ‘ಕಾರ್ಖಾನೆಯಲ್ಲಿ’ ಆಯಿತು. ಒಂದು ವಿಭಕ್ತಿ ಪ್ರತ್ಯಯ ಇಡೀ ಮನೆತನದ ಚರಿತ್ರೆಯನ್ನು ಬದಲಿಸಬಲ್ಲುದೆಂದು ವ್ಯಾಕರಣದ ಪಾಠ ಹೇಳುವ ನನಗೂ ಅಂದಿನವರೆಗೆ ತೋರಿರಲಿಲ್ಲ.

ಒಂದು ಗಳಿಗೆ ಮನಸ್ಸಿಗೆ ಪೆಚ್ಚೆನಿಸಿದ್ದು ನಿಜ. ಆದರೆ ಮರುದಿನವೇ ಆ ಪಟ ನನಗೆ ಮೊದಲಿಗಿಂತ ಪ್ರಿಯವಾಯಿತು. ಊರು ಬಿಟ್ಟು ಬಂದ ಏಳು ದುಡಿಮೆಗಾರರು ಊರು ಬಿಟ್ಟು ಬಂದ ಎಂಟನೆಯವನೊಬ್ಬನಿಗೆ ತಮ್ಮ ಹೆಮ್ಮೆಯಲ್ಲೊಂದು ಪಾಲು ಕೊಟ್ಟಿದ್ದರು. ಅಜ್ಜಯ್ಯ ಅದನ್ನು ಜಮೀನಿನ ಕಾಗದಗಳೊಂದಿಗೆ ಜೋಪಾನ ಮಾಡಿದ್ದರು.

ಸುದ್ದಿ ನೆರೆಕರೆಗೆ ಹಬ್ಬಿತು. ಒಂದು ಆದಿತ್ಯವಾರ ಮಧ್ಯಾಹ್ನದ ಮೇಲೆ ನಾಲ್ಕಾರು ಮನೆಯವರು ತಮ್ಮ ತಮ್ಮ ಪೆಟ್ಟಿಗೆಗಳ ವಿಮಾನಗಳನ್ನು ಹಿಡಿದು ನಮ್ಮ ಜಗಲಿಗೆ ಬಂದರು. ಮುಂಬಯಿಯಲ್ಲಿ ಸಂಸಾರ ಹೂಡಿ ಮರಳಿದ ಹಿರಿಯರೊಬ್ಬರು ತಂದದ್ದು ಬಜಪೆಯ ಪಟ: ಕೊರಳಲ್ಲಿ ಮಾಲೆಯ ವರ, ಸೆರಗು ಹೊದ್ದ ವಧು, ಹಿಂದೆ ಮೂಗೆತ್ತಿ ನಿಂತ ಡಕೋಟಾ. 1951ರ ಡಿಸೆಂಬರ್ 25ರಂದು ಬಜಪೆಯ ನಿಲ್ದಾಣ ಆರಂಭವಾದಾಗ ಪ್ರಧಾನಿ ನೆಹರೂ ಅವರು ಬಂದಿಳಿದದ್ದೂ ಡಕೋಟಾದಲ್ಲಿಯೇ. ಎರಡು ಎಂಜಿನ್, ಕೆಳಭಾಗದ ರೆಕ್ಕೆ, ಬಾಲದಡಿಯ ಚಿಕ್ಕ ಗಾಲಿ ಇದರ ಲಕ್ಷಣ. ನೆಲದ ಮೇಲೆ ನಿಂತಾಗ ಬಾಲ ತಗ್ಗಿ ಮೂಗು ಎತ್ತರವಾಗುವುದರಿಂದ ಒಳಗೆ ಹೋದವರು ಗುಡ್ಡ ಹತ್ತಿದಂತೆ ನಡೆದು ಆಸನ ಹಿಡಿಯಬೇಕು. “ಕಿವಿಗೆ ಹತ್ತಿ, ಬಾಯಿಗೆ ಪೆಪ್ಪರ್‌ಮಿಂಟು ಕೊಟ್ಟರು, ಮುಂಬಯಿ ಮುಟ್ಟುವವರೆಗೆ ಇವರು ನನ್ನ ಕೈ ಬಿಡಲಿಲ್ಲ” ಎಂದು ಪಟದ ವಧು, ಈಗ ಮೊಮ್ಮಕ್ಕಳ ಅಜ್ಜಿ, ನಕ್ಕು ಹೇಳಿದರು. “ಹೆದರಿದ್ದು ನಾನೋ ನೀನೋ?” ಎಂದು ಹಿರಿಯರು ಕೇಳಿದರು. ಆ ವ್ಯಾಜ್ಯ ಅಂದೂ ತೀರಲಿಲ್ಲ.

ವಾಯುಪಡೆಯಲ್ಲಿ ದುಡಿದು ನಿವೃತ್ತರಾದವರೊಬ್ಬರ ಬಳಿ ‘ಮಾರುತ’ ಜೆಟ್ ವಿಮಾನದ ಚಿತ್ರವಿತ್ತು. ಜರ್ಮನಿಯ ಕುರ್ಟ್ ಟಾಂಕ್ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ಈ ಯುದ್ಧವಿಮಾನವನ್ನು 1961ರ ಜೂನ್ 17ರಂದು ಮೊದಲು ಹಾರಿಸಿದವರು ಸುರಂಜನ್ ದಾಸ್. 1970ರ ಜನವರಿಯಲ್ಲಿ ಮಾರುತದ ಪರೀಕ್ಷಾ ಹಾರಾಟದಲ್ಲಿಯೇ ಅವರು ಪ್ರಾಣ ತೆತ್ತರು. ಬೆಂಗಳೂರಿನ ಒಂದು ರಸ್ತೆಗೆ ಅವರ ಹೆಸರಿದೆ. ದಿನವೂ ಅಲ್ಲಿ ಓಡಾಡುವವರಲ್ಲಿ ಎಷ್ಟು ಜನಕ್ಕೆ ಆ ಹೆಸರಿನ ಹಿಂದಿನ ಮನುಷ್ಯನ ಪರಿಚಯವಿದೆ? ನಮ್ಮ ಜಗಲಿಯಲ್ಲಿ ಅಂದು ಅದನ್ನು ಬಲ್ಲವರು ಒಬ್ಬರೇ ಇದ್ದರು.

ನಾಡಿನ ಆಕಾಶದ ಚರಿತ್ರೆ ಇನ್ನೂ ಹಳೆಯದು. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ಪುಟ್ಟ ಪುಸ್ ಮಾತ್ ವಿಮಾನದಲ್ಲಿ ಅಂಚೆ ತಂದಾಗ, ಅಲ್ಲಿಂದ ಮದರಾಸಿಗೆ ಅದನ್ನು ಒಯ್ದ ನೆವಿಲ್ ವಿನ್ಸೆಂಟರು ನಡುವೆ ಇಳಿದದ್ದು ನಮ್ಮ ಬಳ್ಳಾರಿಯಲ್ಲಿ. ಡಕೋಟಾಗಳ ಕಾಲವೂ ಮುಗಿಯಿತೆಂದುಕೊಂಡಿದ್ದಾಗ 2018ರಲ್ಲಿ, ಬ್ರಿಟನ್ನಿನಲ್ಲಿ ಜೀರ್ಣೋದ್ಧಾರಗೊಂಡ ಒಂದು ಡಕೋಟಾ ಅಲ್ಲಿಂದ ಹಾರಿ ಭಾರತಕ್ಕೆ ಬಂದು ವಾಯುಪಡೆಯನ್ನು ಸೇರಿತು. ಅದಕ್ಕಿಟ್ಟ ಹೆಸರು ‘ಪರಶುರಾಮ’. ಕೊಡಲಿ ಎಸೆದು ಕಡಲನ್ನು ಹಿಂದೆ ಸರಿಸಿದವನ ಸೃಷ್ಟಿಯೆಂದು ಹೇಳಿಕೊಳ್ಳುವ ಈ ಕರಾವಳಿಯ ಜನಕ್ಕೆ ಆ ಹೆಸರು ಕಿವಿಗೆ ಹಿತವಾಯಿತೆಂದರೆ ಆಶ್ಚರ್ಯವಿಲ್ಲ.

ಹಳೆಯ ವಿಮಾನಗಳನ್ನು ಕಾಣಬಯಸುವವರಿಗೆ ಇಂದು ತಾಣಗಳಿವೆ. ಬೆಂಗಳೂರಿನಲ್ಲಿ ಎಚ್.ಎ.ಎಲ್. ಸಂಸ್ಥೆಯ ವಸ್ತುಸಂಗ್ರಹಾಲಯವಿದೆ, ನಮ್ಮ ಕರಾವಳಿಯ ಕಾರವಾರದಲ್ಲಿ, 2017ರಲ್ಲಿ ನೌಕಾಪಡೆಯಿಂದ ನಿವೃತ್ತವಾದ ಟುಪೊಲೆವ್-142 ಎಂಬ ದೈತ್ಯವಿಮಾನ ಕಡಲ ತಡಿಯಲ್ಲಿ ನಿಂತಿದೆ. ಯಂತ್ರಗಳನ್ನು ಕಾಪಾಡಲು ಸಂಸ್ಥೆಗಳಿವೆ. ಆದರೆ ರೆಕ್ಕೆಯ ನೆರಳಲ್ಲಿ ನಿಂತವರ ಹೆಸರುಗಳನ್ನು ಕಾಪಾಡುವವರು ಯಾರು? ಲಿಬರೇಟರನ್ನು ನಾನು ಪುಸ್ತಕ ನೋಡಿ ಗುರುತಿಸಿದೆ. ಇನ್ನು ನೂರು ವರ್ಷ ಕಳೆದರೂ ಯಾರಾದರೂ ಗುರುತಿಸಬಲ್ಲರು. ಆ ಏಳು ಮುಖಗಳನ್ನು ಗುರುತಿಸಲು ಉಳಿದಿರುವುದು ನನಗೆ ತಿಳಿದಂತೆ ತೊಂಬತ್ತು ವರ್ಷದ ಒಂದು ಕಣ್ಣು.

ಆದುದರಿಂದ ಓದುಗರಲ್ಲಿ ನನ್ನದೊಂದು ಅರಿಕೆ. ನಿಮ್ಮ ಮನೆಯಲ್ಲಿಯೂ ಇಂತಹ ಪಟಗಳಿದ್ದಾವು. ಮೊದಲು ಅವುಗಳ ಬೆನ್ನನ್ನು ನೋಡಿ. ಬರಿದಾಗಿದ್ದರೆ ಮೆದುವಾದ ಪೆನ್ಸಿಲಿನಿಂದ, ಅಂಚಿನಲ್ಲಿ, ಒತ್ತದೆ ಬರೆಯಿರಿ: ಯಾರು, ಎಲ್ಲಿ, ಯಾವಾಗ, ಹೇಳಿದವರು ಯಾರು. ಶಾಯಿ ಬೇಡ; ತೇವಕ್ಕೆ ಅದು ಮುಖದ ಮೇಲೂ ಹರಡುತ್ತದೆ. ಅಂಟು ಹಚ್ಚಬೇಡಿ, ಪ್ಲಾಸ್ಟಿಕ್ಕಿನ ಹೊದಿಕೆಯಲ್ಲಿ ಮುದ್ರೆಯೊತ್ತಿಸಬೇಡಿ. ಒಣಗಿದ ದಿನ ತೆಗೆದು ನೆರಳಿನಲ್ಲಿ ಗಾಳಿಗಿಟ್ಟು, ಪಟಕ್ಕೊಂದರಂತೆ ಬಿಳಿಯ ಕಾಗದ ಸುತ್ತಿಡಿ. ನೇರ ಬಿಸಿಲಿಗೆ ಚಿತ್ರ ಬಾಡುತ್ತದೆ. ಈಗ ಮನೆಮನೆಯಲ್ಲಿರುವ ಮೊಬೈಲಿನಿಂದ ಎರಡೂ ಮಗ್ಗುಲನ್ನು ಚಿತ್ರಿಸಿಟ್ಟುಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ, ಹಿರಿಯರನ್ನು ಕೂರಿಸಿಕೊಂಡು ಕೇಳಿ. ಕೇಳದೆ ಅವರು ಹೇಳುವುದಿಲ್ಲ. ಕೇಳುವ ಕಾಲವೂ ಬಹಳ ಉಳಿದಿರುವುದಿಲ್ಲ.

ಅಮ್ಮಮ್ಮ ಆ ಏಳು ಮಂದಿಯಲ್ಲಿ ಮೂವರ ಹೆಸರು ಹೇಳಿದರು. ಬರೆದುಕೊಂಡೆ. ಉಳಿದ ನಾಲ್ವರಿಗೆ ಜಾಗ ಬಿಟ್ಟೆ. ಎರಡು ತಿಂಗಳ ಬಳಿಕ ಒಂದು ರಾತ್ರಿ ಗಂಜಿ ಉಣ್ಣುತ್ತಿದ್ದವರು ಇದ್ದಕ್ಕಿದ್ದಂತೆ ತಲೆಯೆತ್ತಿ, ಕೈಕಟ್ಟಿ ನಿಂತವರಿಗೆ ಕಾಫಿಗೆ ಸಕ್ಕರೆ ಹಾಕಬಾರದೆಂದು ಅಜ್ಜಯ್ಯ ಅಡುಗೆಮನೆಗೆ ಕೂಗಿ ಹೇಳುತ್ತಿದ್ದರು ಎಂದರು. ಹೆಸರು ಮಾತ್ರ ನೆನಪಾಗಲಿಲ್ಲ. ನಾನೆದ್ದು ಹೋಗಿ ಪಟದ ಬೆನ್ನಿನಲ್ಲಿ ಏಳನೆಯ ಸ್ಥಾನದ ಎದುರು ಬರೆದೆ: ‘ಸಕ್ಕರೆಯಿಲ್ಲದ ಕಾಫಿಯವರು.’