ಇಳಿಜಾರಿನಲ್ಲಿ ಟ್ರ್ಯಾಲಿ: ನ್ಯೂಟ್ರಲ್ ಬೇಡ, ಗೇರ್ ಇರಲಿ



ರಾಶಿ ಮುಗಿದು ಕಣ ಬರಿದಾದ ಮೇಲೆ ಹೈನುಗಾರರ ಮನೆಯಲ್ಲಿ ಇನ್ನೊಂದು ಸುಗ್ಗಿ ಶುರುವಾಗುತ್ತದೆ. ಅದು ಮೇವಿನ ಸುಗ್ಗಿ. ಜೋಳದ ಕಣಿಕೆ, ತೊಗರಿ ಹೊಟ್ಟು, ಕಡಲೆ ಹೊಟ್ಟು ಎಲ್ಲವೂ ಹೊಲದಿಂದ ಮನೆಯ ಬಣವೆಗೆ ಬರಬೇಕು. ಬೇಸಿಗೆಯಲ್ಲಿ ಆಕಳು, ಎಮ್ಮೆ ಹಾಲು ಕೊಡುವುದು ಈ ಬಣವೆಯ ಬಲದಿಂದಲೇ. ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ಈ ಸಾಗಣೆಗೆ ಇಂದು ಟ್ರ್ಯಾಕ್ಟರ್ ಟ್ರ್ಯಾಲಿಯೇ ಮುಖ್ಯ ಆಧಾರ.

“ನಮ್ಮದು ಬಯಲು ಸೀಮೆ, ಇಲ್ಲಿ ಘಾಟಿ ಎಲ್ಲಿದೆ?” ಎಂದು ಕೆಲವರು ಕೇಳಬಹುದು. ಕಾಗಿಣಾ, ಮುಲ್ಲಾಮಾರಿ, ಕಮಲಾವತಿ ನದಿಗಳ ದಂಡೆಯ ಊರಿನವರಿಗೆ ಇದರ ಉತ್ತರ ಗೊತ್ತು. ಹಳ್ಳ ದಾಟಬೇಕಾದರೆ ಮೊದಲು ಇಳಿಯಬೇಕು. ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಕಡೆ ಗುಡ್ಡದ ರಸ್ತೆಗಳೇ ಇವೆ. ತುಂಬಿದ ಟ್ರ್ಯಾಲಿ ಕೈತಪ್ಪಲು ಮೈಲುಗಟ್ಟಲೆ ಇಳಿಜಾರು ಬೇಕಿಲ್ಲ, ಐವತ್ತು ಮಾರು ಸಾಕು.

ಹಿಂದಿನ ಭಾರ ಮುಂದಕ್ಕೆ ನೂಕುತ್ತದೆ

ಸಮನಾದ ರಸ್ತೆಯಲ್ಲಿ ಟ್ರ್ಯಾಕ್ಟರ್ ಟ್ರ್ಯಾಲಿಯನ್ನು ಎಳೆಯುತ್ತದೆ. ಇಳಿಜಾರಿನಲ್ಲಿ ಟ್ರ್ಯಾಲಿ ಟ್ರ್ಯಾಕ್ಟರನ್ನು ನೂಕುತ್ತದೆ. ಎಷ್ಟು ನೂಕುತ್ತದೆ ಎಂಬುದಕ್ಕೆ ಸುಲಭ ಲೆಕ್ಕವಿದೆ. ಹತ್ತು ಮಾರು ಹೋದಾಗ ಒಂದು ಮಾರು ಇಳಿಯುವ ರಸ್ತೆಯಲ್ಲಿ, ಒಟ್ಟು 40 ಕ್ವಿಂಟಾಲ್ ತೂಗುವ ಟ್ರ್ಯಾಲಿ ಸುಮಾರು 4 ಕ್ವಿಂಟಾಲ್ ಭಾರದಷ್ಟು ಬಲದಿಂದ ಟ್ರ್ಯಾಕ್ಟರಿನ ಬೆನ್ನಿಗೆ ಒತ್ತುತ್ತದೆ. ಈ ಒತ್ತು ಇಳಿಜಾರು ಮುಗಿಯುವವರೆಗೆ ನಿಲ್ಲುವುದಿಲ್ಲ.

ನಮ್ಮ ಬಹಳಷ್ಟು ಟ್ರ್ಯಾಲಿಗಳಿಗೆ ಬ್ರೇಕ್ ಇಲ್ಲ. ಸಾಮಾನ್ಯ ಟ್ರ್ಯಾಕ್ಟರಿಗೆ ಬ್ರೇಕ್ ಇರುವುದು ಹಿಂದಿನ ಎರಡು ಗಾಲಿಗಳಿಗೆ ಮಾತ್ರ. ಇಡೀ ಭಾರವನ್ನು ಆ ಎರಡು ಗಾಲಿಗಳೇ ತಡೆಯಬೇಕು. ಇನ್ನೊಂದು ಮಾತು: ವೇಗ ಎರಡು ಪಟ್ಟಾದರೆ ಬ್ರೇಕ್ ಹಾಕಿದ ಮೇಲೆ ನಿಲ್ಲಲು ಬೇಕಾಗುವ ದೂರ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 15 ಕಿ.ಮೀ. ವೇಗದಲ್ಲಿ ಹಿಡಿತದಲ್ಲಿದ್ದ ಟ್ರ್ಯಾಲಿ 30 ಕಿ.ಮೀ. ವೇಗದಲ್ಲಿ ಹಿಡಿತಕ್ಕೆ ಸಿಗದೆ ಹೋಗುವುದು ಇದರಿಂದಲೇ.

ನ್ಯೂಟ್ರಲ್‌ನಿಂದ ಡೀಸೆಲ್ ಉಳಿಯುವುದಿಲ್ಲ

ಇಳಿಜಾರು ಬಂದ ಕೂಡಲೇ ನ್ಯೂಟ್ರಲ್ ಮಾಡಿ ಅಥವಾ ಕ್ಲಚ್ ತುಳಿದು ಬಿಡುವ ರೂಢಿ ಹಲವರಲ್ಲಿದೆ. ಕಾರಣ ಕೇಳಿದರೆ “ಡೀಸೆಲ್ ಉಳಿಯುತ್ತದೆ” ಎನ್ನುತ್ತಾರೆ. ಇದು ತಪ್ಪು ತಿಳುವಳಿಕೆ.

ರೇಸ್ ಪೂರ್ತಿ ಬಿಟ್ಟು ಗೇರಿನಲ್ಲಿಯೇ ಇಳಿಯುವಾಗ ಗಾಲಿಗಳೇ ಎಂಜಿನನ್ನು ತಿರುಗಿಸುತ್ತವೆ. ಆಗ ಡೀಸೆಲ್ ಪಂಪಿನಲ್ಲಿರುವ ಗವರ್ನರ್, ಎಂಜಿನ್ ಬೇಕಾದದ್ದಕ್ಕಿಂತ ಜೋರಾಗಿ ತಿರುಗುತ್ತಿದೆ ಎಂದು ಡೀಸೆಲ್ ಬಿಡುವುದನ್ನು ಹೆಚ್ಚುಕಡಿಮೆ ನಿಲ್ಲಿಸುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಬಂದ್ ಆಗದಂತೆ ಡೀಸೆಲ್ ಉರಿಯುತ್ತಲೇ ಇರಬೇಕಾಗುತ್ತದೆ. ಅಂದರೆ ಗೇರಿನಲ್ಲಿ ಇಳಿದವರಿಗೇ ಡೀಸೆಲ್ ಉಳಿತಾಯ. ಜೊತೆಗೆ ಎಂಜಿನ್ ತಾನೇ ಬ್ರೇಕಿನಂತೆ ಗಾಲಿಗಳನ್ನು ಹಿಡಿದಿರುತ್ತದೆ.

ಕೆಲವರು ಎಂಜಿನನ್ನೇ ಬಂದ್ ಮಾಡಿ ಇಳಿಸುತ್ತಾರೆ. ಇದು ಇನ್ನೂ ಅಪಾಯ. ಪವರ್ ಸ್ಟೀರಿಂಗ್ ಇರುವ ಟ್ರ್ಯಾಕ್ಟರಿನಲ್ಲಿ ಎಂಜಿನ್ ನಿಂತರೆ ಸ್ಟೀರಿಂಗ್ ಬಿಗಿಯಾಗಿ, ತಿರುವಿನಲ್ಲಿ ತಿರುಗಿಸುವುದು ಬಹಳ ಕಷ್ಟವಾಗುತ್ತದೆ.

ನಮ್ಮ ಹಿರಿಯರು ಬಂಡಿ ಹೂಡಿ ಹೋಗುವಾಗ ಹಳ್ಳದ ಇಳಿಜಾರು ಬಂದರೆ ಕೆಳಗಿಳಿದು, ಎತ್ತುಗಳ ಮೂಗುದಾಣ ಹಿಡಿದು ಒಂದೊಂದೇ ಹೆಜ್ಜೆ ನಡೆಸುತ್ತಿದ್ದರು. ಹಿಂದಿನ ಭಾರ ಎತ್ತಿನ ಮೇಲೆ ಬರುತ್ತದೆ ಎಂದು ಅವರು ಬಲ್ಲರು. ಟ್ರ್ಯಾಕ್ಟರಿಗೆ ಗೇರೇ ಮೂಗುದಾಣ. ಇಳಿಜಾರಿನಲ್ಲಿ ಅದನ್ನು ಬಿಡಬಾರದು.

ಇಳಿಯುವ ಮೊದಲು

1. ಇಳಿಜಾರಿನ ತಲೆಯಲ್ಲಿಯೇ ವೇಗ ತಗ್ಗಿಸಿ ಕಡಿಮೆ ಗೇರ್ ಹಾಕಿ. ಅದೇ ಭಾರದೊಂದಿಗೆ ಆ ದಿಬ್ಬ ಹತ್ತಲು ಯಾವ ಗೇರ್ ಬೇಕೋ ಅದೇ ಗೇರಿನಲ್ಲಿ ಇಳಿಯಬೇಕು. ನಡುವೆ ಗೇರ್ ಬದಲಿಸಲು ಹೋದರೆ ಗೇರ್ ಬೀಳದೆ ನ್ಯೂಟ್ರಲ್‌ನಲ್ಲಿಯೇ ಉಳಿಯಬಹುದು.

2. ಹೊಲದಲ್ಲಿ ತಿರುವಿಕೊಳ್ಳಲು ಎಡ, ಬಲ ಬ್ರೇಕ್ ಪೆಡಲ್‌ಗಳನ್ನು ಬೇರೆ ಮಾಡಿರುತ್ತೇವೆ. ರಸ್ತೆಗೆ ಬರುವ ಮೊದಲು ಅವೆರಡನ್ನೂ ಕೂಡಿಸಿ ಪಟ್ಟಿ ಹಾಕಿ. ಒಂದೇ ಪೆಡಲ್ ತುಳಿದರೆ ಒಂದೇ ಗಾಲಿ ನಿಂತು ಟ್ರ್ಯಾಕ್ಟರ್ ಆ ಕಡೆಗೆ ತಿರುಗಿ ಮಗುಚಬಹುದು.

3. ಕೈ ರೇಸ್ ಪೂರ್ತಿ ಕಡಿಮೆ ಇದೆಯೇ ನೋಡಿ. ಅದು ಹೆಚ್ಚಿದ್ದರೆ ಕಾಲು ತೆಗೆದರೂ ಎಂಜಿನ್ ಎಳೆಯುತ್ತಲೇ ಇರುತ್ತದೆ.

4. ಟ್ರ್ಯಾಲಿಯ ಕೊಂಡಿಯ ಪಿನ್ನಿಗೆ ಲಾಕ್ ಹಾಕಿ. ಜೊತೆಗೆ ಒಂದು ಗಟ್ಟಿ ಸರಪಳಿ ಇರಲಿ. ಪಿನ್ನಿನ ಬದಲು ಸಿಕ್ಕ ಕಬ್ಬಿಣದ ಸಲಾಕೆ ತೂರಿಸಬೇಡಿ.

ಇಳಿಯುವಾಗ

ಕ್ಲಚ್ ಮೇಲೆ ಕಾಲು ಇಡಬೇಡಿ. ಎಂಜಿನ್ ಸದ್ದು ಏರುತ್ತಾ ಹೋದರೆ ಎರಡೂ ಬ್ರೇಕ್ ಸಮನಾಗಿ ಒತ್ತಿ, ವೇಗ ಇಳಿದ ಮೇಲೆ ಬಿಡಿ. ಮತ್ತೆ ಬೇಕಾದರೆ ಮತ್ತೆ ಒತ್ತಿ. ಉದ್ದಕ್ಕೂ ತುಳಿದೇ ಇಟ್ಟರೆ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆ.

ತಿರುವಿನಲ್ಲಿ ಬ್ರೇಕ್ ಹಾಕಬಾರದು. ವೇಗ ತಗ್ಗಿಸುವ ಕೆಲಸ ತಿರುವಿಗೆ ಮೊದಲೇ, ನೇರ ರಸ್ತೆಯಲ್ಲಿ ಮುಗಿಯಲಿ. ತಿರುಗಿರುವ ಟ್ರ್ಯಾಕ್ಟರಿಗೆ ಬ್ರೇಕ್ ಬಿದ್ದಾಗ ಹಿಂದಿನ ಟ್ರ್ಯಾಲಿ ಅದರ ಹಿಂಭಾಗವನ್ನು ಅಡ್ಡ ನೂಕುತ್ತದೆ. ಟ್ರ್ಯಾಕ್ಟರ್, ಟ್ರ್ಯಾಲಿ ಎರಡೂ ಚಾಕು ಮಡಚಿದಂತೆ ಮಡಚಿಕೊಳ್ಳುತ್ತವೆ. ಹಾಗೆ ಅಡ್ಡ ನೂಕತೊಡಗಿದರೆ ಬ್ರೇಕ್ ಸಡಿಲಿಸಿ, ತುಸು ರೇಸ್ ಕೊಟ್ಟು ಮೊದಲು ಟ್ರ್ಯಾಕ್ಟರನ್ನು ನೇರ ಮಾಡಿಕೊಳ್ಳಿ.

ಕಡಿದಾದ ರಸ್ತೆಯಲ್ಲಿ ಎದುರಿನಿಂದ ಏರಿ ಬರುವ ವಾಹನಕ್ಕೆ ಮೊದಲ ದಾರಿ. ಇದು ರಸ್ತೆ ಸಂಚಾರದ ನಿಯಮ.

ಮಳೆಗಾಲದಲ್ಲಿ ಎರೆ ಮಣ್ಣು ಮೆತ್ತಿದ ರಸ್ತೆ ಬೆಣ್ಣೆ ಸವರಿದಂತೆ ಜಾರುತ್ತದೆ. ಅಲ್ಲಿ ಬ್ರೇಕ್ ಒತ್ತಿದರೆ ಗಾಲಿ ನಿಲ್ಲುತ್ತದೆ, ಟ್ರ್ಯಾಕ್ಟರ್ ನಿಲ್ಲುವುದಿಲ್ಲ. ಹಳ್ಳದ ದಾರಿ ಹಸಿಯಾಗಿದ್ದರೆ ಒಂದು ಹೊತ್ತು ಕಾಯುವುದೇ ಲೇಸು.

ಭಾರ ಹೇರುವ ಬಗೆ

ಕಣಿಕೆ ತೂಕ ಕಡಿಮೆ, ಎತ್ತರ ಹೆಚ್ಚು. ಎತ್ತರಕ್ಕೆ ಹೇರಿದಷ್ಟೂ ತಿರುವಿನಲ್ಲಿ ವಾಲುತ್ತದೆ. ಎರಡು ಸಲ ಹೋಗಿ ಬರುವಷ್ಟಿದ್ದರೆ ಎರಡು ಸಲವೇ ಹೋಗಿ. ಶಹಾಬಾದ ಕಲ್ಲಿನ ಲೆಕ್ಕ ಬೇರೆ. ಕೊಟ್ಟಿಗೆಗೆ ಹಾಸಲು ಫರಸಿ ತರುವ ಸದಸ್ಯರು ನೆನಪಿಡಬೇಕು: ಒಂದು ಘನ ಅಡಿ ಕಲ್ಲು 70 ಕೆ.ಜಿ.ಯಷ್ಟು ತೂಗುತ್ತದೆ. ಅರ್ಧ ಟ್ರ್ಯಾಲಿಯೂ ತುಂಬಿಲ್ಲ ಎಂದು ಕಣ್ಣಿಗೆ ಕಂಡರೂ ತೂಕ ಮಿತಿ ಮೀರಿರುತ್ತದೆ. ಎರಡು ಗಾಲಿಯ ಟ್ರ್ಯಾಲಿಯಲ್ಲಿ ಭಾರ ಹಿಂದಕ್ಕೆ ಬಿದ್ದರೆ ಕೊಂಡಿ ಮೇಲಕ್ಕೆತ್ತಿ, ಟ್ರ್ಯಾಕ್ಟರಿನ ಹಿಂಗಾಲಿಗಳ ಹಿಡಿತ ತಪ್ಪುತ್ತದೆ. ಭಾರ ತುಸು ಮುಂದಕ್ಕೇ ಇರಲಿ.

ಸಂತೆಯಿಂದ ಆಕಳು, ಎಮ್ಮೆ ತರುವಾಗ ಅವು ಸಾಧ್ಯವಾದಷ್ಟೂ ಎಂಜಿನ್ ಕಡೆ ಮುಖ ಮಾಡಿ ನಿಲ್ಲಬೇಕು ಎಂದು 1978ರ ಪ್ರಾಣಿ ಸಾಗಣೆ ನಿಯಮಗಳೇ ಹೇಳುತ್ತವೆ. ಹಲಗೆ ಜಾರದಂತೆ ಕೆಳಗೆ ನಾರಿನ ಚಾಪೆ ಹಾಸಿ. ಇಳಿಜಾರಿನಲ್ಲಿ ಜೋರಾಗಿ ಬ್ರೇಕ್ ಹಾಕಿದರೆ ಎಮ್ಮೆ ಮುಗ್ಗರಿಸಿ ಬೀಳುತ್ತದೆ. ಗಬ್ಬದ ಎಮ್ಮೆಯಾದರೆ ನಷ್ಟ ಎಷ್ಟೆಂದು ಹೇಳಬೇಕಿಲ್ಲ.

ಎಲ್ಲಕ್ಕಿಂತ ದೊಡ್ಡ ಮಾತು ಜನರದ್ದು. ಮೇವಿನ ಹೇರಿನ ಮೇಲೆ ಕೂಲಿಯ ಹೆಣ್ಣುಮಕ್ಕಳು, ಮಕ್ಕಳು ಕುಳಿತು ಬರುವುದು ನಮ್ಮಲ್ಲಿ ರೂಢಿಯಾಗಿದೆ. ಟ್ರ್ಯಾಲಿ ಸರಕಿನದು, ಜನರದ್ದಲ್ಲ. ಮಗುಚಿದರೆ ಮೇಲಿದ್ದವರು ಹೇರಿನ ಅಡಿಗೆ ಬೀಳುತ್ತಾರೆ, ವಿಮೆಯ ಪರಿಹಾರವೂ ದಕ್ಕುವುದು ಕಷ್ಟ. ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂಡಿಸುವುದೂ ಬೇಡ.

ನಿಲ್ಲಿಸಬೇಕಾದರೆ

ಇಳಿಜಾರಿನಲ್ಲಿ ನಿಲ್ಲಿಸಲೇಬೇಕಾದರೆ ಎಂಜಿನ್ ಬಂದ್ ಮಾಡಿ, ಇಳಿಮುಖವಾಗಿದ್ದರೆ ರಿವರ್ಸ್ ಗೇರ್ ಹಾಕಿ, ಬ್ರೇಕ್ ಲಾಕ್ ಮಾಡಿ. ಟ್ರ್ಯಾಲಿಯ ಗಾಲಿಗಳಿಗೂ ಕಲ್ಲು ಇಡಿ. ಹೊರಡುವಾಗ ಆ ಕಲ್ಲುಗಳನ್ನು ರಸ್ತೆಯಿಂದ ತೆಗೆಯಲು ಮರೆಯಬೇಡಿ. ಹಿಂದೆ ಬರುವ ಮೋಟಾರ್ ಸೈಕಲ್ ಸವಾರ ನಿಮ್ಮೂರಿನವನೇ ಇರಬಹುದು, ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೊರಟ ನಮ್ಮ ಸದಸ್ಯನೇ ಇರಬಹುದು.

ಬ್ರೇಕ್ ಹಿಡಿಯದೆ ಹೋದರೆ ಗೇರ್ ತೆಗೆಯಬೇಡಿ, ಹಾರಬೇಡಿ. ಸ್ಟೀರಿಂಗ್ ನೇರ ಹಿಡಿದು, ಜನರಿಲ್ಲದ ಕಡೆ, ಏರು ಇರುವ ಅಥವಾ ಉತ್ತ ಹೊಲದತ್ತ ನಿಧಾನವಾಗಿ ಒಯ್ಯಿರಿ. ಮೆತ್ತನೆ ಮಣ್ಣು ಗಾಲಿಗಳನ್ನು ಹಿಡಿದು ನಿಲ್ಲಿಸುತ್ತದೆ.

ಈ ಮಾತುಗಳನ್ನು ಟ್ರ್ಯಾಕ್ಟರ್ ಮಾಲೀಕರು ಓದಿದರೆ ಸಾಲದು. ಓಡಿಸುವವರು ಹೆಚ್ಚಾಗಿ ಮನೆಯ ಹುಡುಗರು ಅಥವಾ ಸಂಬಳದ ಆಳುಗಳು. ಲೈಸೆನ್ಸ್ ಇಲ್ಲದವರ ಕೈಗೆ ಕೀಲಿ ಕೊಡಬೇಡಿ. ಇದ್ದವರಿಗೆ ಈ ಲೇಖನ ಓದಿ ಹೇಳಿ. ಸಂಘದಲ್ಲಿ ಹಾಲು ಹಾಕಲು ಸಾಲಿನಲ್ಲಿ ನಿಂತಾಗ ನಾಲ್ಕು ಜನರ ಕಿವಿಗೆ ಹಾಕಿದರೂ ಆದೀತು. ಬಣವೆ ತುಂಬುವುದು ಒಂದು ದಿನ ತಡವಾದರೆ ಚಿಂತೆಯಿಲ್ಲ, ಮೇವು ತರಲು ಹೋದವರು ಸಂಜೆ ಕರೆಯುವ ಹೊತ್ತಿಗೆ ಮನೆ ಸೇರಲಿ.