ಬಲಕ್ಕೆ ಹೋಗಲು ಎಡಕ್ಕೆ ತಿರುಗಿಸಿ!

ಬೈಕಿನಲ್ಲಿ ಹೋಗುತ್ತಿದ್ದೀರಿ. ವೇಗ ಗಂಟೆಗೆ 40 ಕಿಲೋಮೀಟರ್. ಮುಂದೆ ರಸ್ತೆ ಬಲಕ್ಕೆ ತಿರುಗುತ್ತದೆ. ಈಗ ಹ್ಯಾಂಡಲನ್ನು ಯಾವ ಕಡೆಗೆ ತಿರುಗಿಸುತ್ತೀರಿ?

‘ಇದೂ ಒಂದು ಪ್ರಶ್ನೆಯೇ? ಬಲಕ್ಕೆ!’ ಎನ್ನುತ್ತೀರಿ. ಇಪ್ಪತ್ತು ವರ್ಷ ಬೈಕು ಓಡಿಸಿದವರನ್ನು ಕೇಳಿದರೂ ಅದೇ ಉತ್ತರ. ಆದರೆ ಅವರ ಕೈ ಮಾಡುವುದೇ ಬೇರೆ. ತಿರುವು ಶುರುವಾಗುವ ಕ್ಷಣದಲ್ಲಿ ಆ ಕೈ ಹ್ಯಾಂಡಲನ್ನು ತುಸುವೇ ತುಸು ಎಡಕ್ಕೆ ತಿರುಗಿಸಿರುತ್ತದೆ. ಹಾಗೆ ಮಾಡಿದ್ದರಿಂದಲೇ ಬೈಕು ಬಲಕ್ಕೆ ವಾಲುತ್ತದೆ, ವಾಲಿದ್ದರಿಂದಲೇ ಬಲಕ್ಕೆ ತಿರುಗುತ್ತದೆ. ಕೈ ಕಲಿತ ವಿದ್ಯೆ ಬಾಯಿಗೆ ತಿಳಿದಿರುವುದಿಲ್ಲ.

ವಿಮಾನ ಹಾರಿಸಿ ಹೆಸರಾದ ರೈಟ್ ಸೋದರರು ಅದಕ್ಕೆ ಮೊದಲು ಅಮೆರಿಕದ ಡೇಟನ್ ಊರಿನಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡಿದ್ದರು. ಅಣ್ಣ ವಿಲ್ಬರ್ ಹತ್ತಾರು ಸೈಕಲ್ ಸವಾರರಿಗೆ ಇದೇ ಪ್ರಶ್ನೆ ಹಾಕಿದ್ದ. ಮೊದಲ ಸಲಕ್ಕೆ ಸರಿಯಾದ ಉತ್ತರ ಕೊಟ್ಟವರು ಸಿಗಲಿಲ್ಲವಂತೆ. ಅವನಿಗಿಂತ ಮುಂಚೆ, 1869ರಲ್ಲೇ, ಗ್ಲಾಸ್ಗೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ರ‍್ಯಾಂಕಿನ್ ಈ ವಿಚಿತ್ರವನ್ನು ಬರೆದಿಟ್ಟಿದ್ದ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪರೀಕ್ಷೆಗೆ ಉರು ಹೊಡೆಯುವ, ಉಗಿಯಂತ್ರದ ‘ರ‍್ಯಾಂಕಿನ್ ಸೈಕಲ್’ನ ರ‍್ಯಾಂಕಿನ್ ಇವನೇ. ಎರಡು ಚಕ್ರದ ಸೈಕಲ್ ಬಗೆಗೂ ಅವನು ತಲೆ ಕೆಡಿಸಿಕೊಂಡಿದ್ದನೆಂಬುದು ಅಷ್ಟಾಗಿ ಯಾರಿಗೂ ತಿಳಿದಿಲ್ಲ.

ಒಗಟು ಬಿಡಿಸಲು ಒಂದು ಕೋಲು ಸಾಕು. ಉದ್ದನೆಯ ಕೋಲೊಂದನ್ನು ಅಂಗೈ ಮೇಲೆ ನೆಟ್ಟಗೆ ನಿಲ್ಲಿಸಿಕೊಳ್ಳಿ. ಅದನ್ನು ಬೀಳಿಸದೆ ಬಲಕ್ಕೆ ಒಯ್ಯಬೇಕು. ಅಂಗೈಯನ್ನು ಸೀದಾ ಬಲಕ್ಕೆ ಸರಿಸಿದರೆ ಕೋಲಿನ ತಲೆ ಹಿಂದುಳಿದು ಎಡಕ್ಕೆ ಬೀಳುತ್ತದೆ. ಆದ್ದರಿಂದ ಅಂಗೈಯನ್ನು ಮೊದಲು ಕೊಂಚ ಎಡಕ್ಕೆ ಸರಿಸುತ್ತೀರಿ. ಕೋಲು ಬಲಕ್ಕೆ ವಾಲುತ್ತದೆ. ಆಮೇಲೆ ಅದರ ಬುಡವನ್ನು ಹಿಡಿದು ಹೋದಂತೆ ಬಲಕ್ಕೆ ಹೊರಡುತ್ತೀರಿ.

ಬೈಕಿನಲ್ಲಿ ಅಂಗೈಯ ಜಾಗದಲ್ಲಿರುವುದು ಟೈರು. ಸವಾರ ಬಲಗೈ ಹಿಡಿಯನ್ನು ಮುಂದಕ್ಕೆ ಒತ್ತಿದಾಗ ಮುಂಚಕ್ರ ಎಡಕ್ಕೆ ತಿರುಗುತ್ತದೆ. ಟೈರು ಎಡಕ್ಕೆ ಸರಿಯುತ್ತದೆ, ಬೈಕು ಮತ್ತು ಸವಾರನ ಗುರುತ್ವಕೇಂದ್ರ ಮಾತ್ರ ಜಡತ್ವದಿಂದಾಗಿ ನೇರವಾಗಿಯೇ ಸಾಗುತ್ತದೆ. ಪರಿಣಾಮ, ಬೈಕು ಬಲಕ್ಕೆ ವಾಲುತ್ತದೆ. ಇಷ್ಟಾಗಲು ಅರೆ ಸೆಕೆಂಡು ಸಾಕು. ಅಷ್ಟರಲ್ಲಿ ಮುಂಚಕ್ರ ತಾನಾಗಿ ಬಲಕ್ಕೆ ಹೊರಳಿರುತ್ತದೆ. ಸವಾರನ ನೆನಪಿನಲ್ಲಿ ಉಳಿಯುವುದು ಈ ಎರಡನೆಯ ಭಾಗವೊಂದೇ. ಇದಕ್ಕೆ ‘ಕೌಂಟರ್ ಸ್ಟಿಯರಿಂಗ್’ ಎಂದು ಹೆಸರು. ನಾವು ‘ಎದುರು ತಿರುವು’ ಎನ್ನೋಣ.

‘ಹ್ಯಾಂಡಲ್ ಏಕೆ, ನಾನು ಮೈ ವಾಲಿಸಿಯೇ ತಿರುಗಿಸುತ್ತೇನೆ’ ಎನ್ನುವವರೂ ಇದ್ದಾರೆ. ಅಮೆರಿಕದ ಬೈಕ್ ತರಬೇತುದಾರ ಕೀತ್ ಕೋಡ್ ಅಂಥವರಿಗಾಗಿಯೇ ಒಂದು ಬೈಕನ್ನು ಸಜ್ಜುಗೊಳಿಸಿದ. ಅದರಲ್ಲಿ ಎಂದಿನ ಹ್ಯಾಂಡಲ್ ಜೊತೆಗೆ ಚೌಕಟ್ಟಿಗೇ ಭದ್ರವಾಗಿ ಬಿಗಿದ, ತಿರುಗದ ಇನ್ನೊಂದು ಹ್ಯಾಂಡಲ್. ಅದನ್ನು ಹಿಡಿದು ಎಷ್ಟು ಮೈ ವಾಲಿಸಿದರೂ ಬೈಕು ಆ ಕಡೆ ಈ ಕಡೆ ತುಸು ತೇಲುತ್ತದೆಯೇ ಹೊರತು ಹೇಳಿದಂತೆ ತಿರುಗುವುದಿಲ್ಲ. ಮೈ ವಾಲಿಸುವಾಗ ಕೈ ಗುಟ್ಟಾಗಿ ಹಿಡಿಯನ್ನು ಒತ್ತುತ್ತಿರುತ್ತದೆ ಎಂಬುದು ಆಗ ಸವಾರನಿಗೆ ಅರಿವಾಗುತ್ತದೆ.

ವಾಲಲು ಬಾರದ ವಾಹನಕ್ಕೆ ಈ ನಿಯಮವಿಲ್ಲ. ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣವಾಗಿ 1975ರಲ್ಲಿ ತೆರೆಕಂಡ ‘ಶೋಲೆ’ಯಲ್ಲಿ ಸೈಡ್‌ಕಾರ್ ಕಟ್ಟಿದ ಬೈಕು ಬರುತ್ತದಲ್ಲ, ಅದು ಬಲಕ್ಕೆ ಹೋಗಬೇಕಾದರೆ ಹ್ಯಾಂಡಲನ್ನು ಬಲಕ್ಕೇ ತಿರುಗಿಸಬೇಕು. ನಮ್ಮ ಆಟೊರಿಕ್ಷಾದ್ದೂ ಅಷ್ಟೆ. ದಿನವಿಡೀ ಆಟೊ ಓಡಿಸಿ ಸಂಜೆ ಬೈಕಿನಲ್ಲಿ ಮನೆಗೆ ಹೋಗುವ ಚಾಲಕ ಒಂದು ವಿದ್ಯೆಯಿಂದ ಅದರ ವಿರುದ್ಧದ ವಿದ್ಯೆಗೆ ಜಿಗಿಯುತ್ತಾನೆ, ತನಗೇ ತಿಳಿಯದಂತೆ!

ಅಷ್ಟಕ್ಕೂ ಬೈಕು ವಾಲಲೇಬೇಕೇ? ಬಸ್ಸು ತಿರುಗುವಾಗ ಒಳಗಿದ್ದವರು ಹೊರಬದಿಗೆ ಎಸೆಯಲ್ಪಡುವುದನ್ನು ಎಲ್ಲರೂ ಅನುಭವಿಸಿದ್ದಾರೆ. ಬಸ್ಸಿಗೆ ಅಗಲವಾದ ಬುಡವಿದೆ, ತಡೆದುಕೊಳ್ಳುತ್ತದೆ. ಒಂದರ ಹಿಂದೊಂದು ಚಕ್ರವಿರುವ ಬೈಕು ನೆಟ್ಟಗೆ ನಿಂತೇ ತಿರುಗಿದರೆ ಹೊರಕ್ಕೆ ಮಗುಚುತ್ತದೆ. ಒಳಕ್ಕೆ ವಾಲಿದಾಗ ಭೂಮಿಯ ಸೆಳೆತ ಅದನ್ನು ಒಳಕ್ಕೆ ಬೀಳಿಸಲು ನೋಡುತ್ತದೆ, ಕೇಂದ್ರಾಪಗಾಮಿ ಬಲ ಹೊರಕ್ಕೆ ಎತ್ತಲು ನೋಡುತ್ತದೆ. ಎರಡೂ ಸರಿದೂಗಿದಾಗ ಬೈಕು ಬೀಳದೆ ತಿರುಗುತ್ತದೆ. (ಕೇಂದ್ರಾಪಗಾಮಿ ಬಲ ಮಿಥ್ಯಾಬಲವೆಂದು ಭೌತವಿಜ್ಞಾನದ ಮೇಷ್ಟ್ರು ಆಕ್ಷೇಪಿಸಬಹುದು. ಬೈಕಿನ ಮೇಲೆ ಕೂತವನ ಲೆಕ್ಕದಲ್ಲಿ ಅದು ಸಾಕಷ್ಟು ನಿಜವೇ.)

ಎಷ್ಟು ವಾಲಬೇಕು ಎನ್ನುವುದಕ್ಕೆ ಪಿಯುಸಿ ಮಟ್ಟದ ಸೂತ್ರವೊಂದಿದೆ: ವೇಗದ ವರ್ಗವನ್ನು ತಿರುವಿನ ತ್ರಿಜ್ಯ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದಿಂದ ಭಾಗಿಸಿದರೆ ಸಿಗುವುದು ವಾಲುಕೋನದ ‘ಟ್ಯಾನ್’. ಇದರಲ್ಲಿ ತೂಕದ ಸುಳಿವೇ ಇಲ್ಲದಿರುವುದನ್ನು ಗಮನಿಸಿ. ಮೈಸೂರಿನ ಕಾರ್ಖಾನೆಯಲ್ಲಿ 1996ರವರೆಗೆ ತಯಾರಾಗುತ್ತಿದ್ದ ಯೆಜ್ದಿಯ ಮೇಲೆ ಕೂತ ದಢೂತಿ ಆಸಾಮಿಯೂ ಮೊಪೆಡ್ ಏರಿದ ನರಪೇತಲನೂ ಒಂದೇ ತಿರುವಿನಲ್ಲಿ ಒಂದೇ ವೇಗದಲ್ಲಿ ಹೋದರೆ ಹೆಚ್ಚುಕಡಿಮೆ ಒಂದೇ ಕೋನಕ್ಕೆ ವಾಲಬೇಕು.

ಲೆಕ್ಕ ನಿಜವಾಗಿ ಕಚ್ಚುವುದು ವೇಗದ ಜಾಗದಲ್ಲಿ. ಸೋಮೇಶ್ವರದಿಂದ ಆಗುಂಬೆಗೆ ಹತ್ತುವ ಘಟ್ಟದಲ್ಲಿ ಹೇರ್‌ಪಿನ್ ತಿರುವುಗಳು ಹದಿನಾಲ್ಕು. ಅಂಥದೇ ಒಂದು ತಿರುವು, 15 ಮೀಟರ್ ತ್ರಿಜ್ಯದ್ದು ಎಂದುಕೊಳ್ಳಿ. ರಸ್ತೆ ಸಮತಟ್ಟಾಗಿದೆ ಎಂದೂ ಇಟ್ಟುಕೊಳ್ಳಿ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಬೈಕು 12 ಡಿಗ್ರಿ ವಾಲಿದರೆ ಸಾಕು. 30ರಲ್ಲಿ 25 ಡಿಗ್ರಿ. 40ರಲ್ಲಿ 40 ಡಿಗ್ರಿ. 50 ಕಿ.ಮೀ. ವೇಗಕ್ಕೆ 53 ಡಿಗ್ರಿ ವಾಲಬೇಕು! ಸಾಮಾನ್ಯ ಬೈಕುಗಳು 40 ಡಿಗ್ರಿಯ ಆಸುಪಾಸಿಗೆ ಬರುವಷ್ಟರಲ್ಲಿ ಅವುಗಳ ಫುಟ್‌ರೆಸ್ಟ್ ನೆಲಕ್ಕೆ ಉಜ್ಜತೊಡಗುತ್ತದೆ.

ಫುಟ್‌ರೆಸ್ಟ್ ಉಜ್ಜುವ ಮೊದಲೇ ಟೈರು ಜಾರುವುದೂ ಉಂಟು. ಬೈಕನ್ನು ತಿರುವಿನೊಳಗೆ ಹಿಡಿದಿಡುವುದು ಟೈರು ಮತ್ತು ರಸ್ತೆಯ ನಡುವಿನ ಘರ್ಷಣೆ. ಸೂತ್ರದಲ್ಲಿ ಬರುವ ಟ್ಯಾನ್ ಬೆಲೆಯೇ ಬೇಕಾದ ಘರ್ಷಣಾಂಕವೂ ಹೌದು. ಒಳ್ಳೆಯ ಒಣ ಟಾರು ರಸ್ತೆಯಲ್ಲಿ ಅದು 0.7ರಿಂದ 0.8ರವರೆಗೆ ಸಿಗಬಹುದು. ಮಳೆ ಬಿದ್ದರೆ 0.5ಕ್ಕೋ ಅದಕ್ಕೂ ಕೆಳಕ್ಕೋ ಇಳಿಯುತ್ತದೆ. ಜಲ್ಲಿ, ಮರಳು ಚೆಲ್ಲಿದ್ದರೆ ಇನ್ನೂ ಕಡಿಮೆ. ನಮ್ಮ ಹೇರ್‌ಪಿನ್ನಿನಲ್ಲಿ 20 ಕಿ.ಮೀ. ವೇಗಕ್ಕೆ ಬೇಕಾದದ್ದು 0.21 ಮಾತ್ರ. 30ಕ್ಕೆ 0.47. 40ಕ್ಕೆ 0.84. ಆಗುಂಬೆಯ ಮಳೆಯಲ್ಲಿ 20ಕ್ಕೂ 30ಕ್ಕೂ ನಡುವಿನ ವ್ಯತ್ಯಾಸ ಬರೀ ಹತ್ತಲ್ಲ. ಮೊದಲನೆಯದು ನಿಶ್ಚಿಂತೆ, ಎರಡನೆಯದು ಅಂಚು.

ಪಂದ್ಯದ ಸವಾರರು 60 ಡಿಗ್ರಿ ದಾಟಿ ವಾಲುವುದನ್ನು ಟಿ.ವಿ.ಯಲ್ಲಿ ನೋಡಿದ ಹುಡುಗರು ‘ಅವರಿಗೆ ಹೇಗೆ ಸಾಧ್ಯ?’ ಎನ್ನಬಹುದು. ಅವರದು ಬಿಸಿ ಮಾಡಿದ ಮೆದು ರಬ್ಬರಿನ ಟೈರು, ಅದಕ್ಕೆಂದೇ ಹಾಸಿದ ಟ್ರ್ಯಾಕು. ಮೊಣಕಾಲು ಚಾಚಿ ಮೈಯನ್ನು ಒಳಬದಿಗೆ ನೇತುಹಾಕುವುದು ಠೀವಿಗಲ್ಲ. ಮೈ ಒಳಕ್ಕೆ ಹೋದಷ್ಟೂ ಬೈಕು ಕಡಿಮೆ ವಾಲಿದರೆ ಸಾಕಾಗುತ್ತದೆ.

ವಾಲಿದ ಬೈಕಿನ ಮುಂಚಕ್ರ ತಾನಾಗಿ ಒಳಕ್ಕೆ ತಿರುಗುವುದೇಕೆ? ಮುಂದಿನ ಫೋರ್ಕು ಓರೆಯಾಗಿರುತ್ತದೆ. ಅದರ ನೇರಕ್ಕೆ ಗೆರೆ ಎಳೆದರೆ ಗೆರೆ ನೆಲ ಮುಟ್ಟುವ ಜಾಗಕ್ಕಿಂತ ಕೆಲವು ಅಂಗುಲ ಹಿಂದೆ ಟೈರು ನೆಲ ಮುಟ್ಟುತ್ತದೆ. ಹೀಗಾಗಿ ಬೈಕು ವಾಲಿದ ಕಡೆಗೆ ಚಕ್ರವೂ ಹೊರಳುತ್ತದೆ. ಇನ್ನೊಂದು ಕಾರಣ ಟೈರಿನ ದುಂಡಗಿನ ಮೈ. ಅಡುಗೆಮನೆಯ ಸ್ಟೀಲ್ ಲೋಟವನ್ನು ಅಡ್ಡ ಮಲಗಿಸಿ ಉರುಳಿಸಿ ನೋಡಿ. ಬಾಯಿ ಅಗಲ, ತಳ ಕಿರಿದು. ಆದ್ದರಿಂದ ಅದು ನೇರ ಹೋಗದೆ ವೃತ್ತ ಹಾಕುತ್ತದೆ. ವಾಲಿದ ಟೈರೂ ಹಾಗೆಯೇ ಉರುಳುತ್ತದೆ.

ತಿರುಗುವ ಚಕ್ರಗಳು ಬುಗುರಿಯಂತೆ ಬೈಕನ್ನು ಎತ್ತಿ ನಿಲ್ಲಿಸುತ್ತವೆ ಎಂಬುದು ಹಳೆಯ ನಂಬಿಕೆ. ಡೇವಿಡ್ ಜೋನ್ಸ್ ಎಂಬ ಬ್ರಿಟಿಷ್ ವಿಜ್ಞಾನಿ ಇದನ್ನು ಪರೀಕ್ಷಿಸಲು ಸೈಕಲ್ಲಿಗೆ ನೆಲ ತಾಕದ ಇನ್ನೊಂದು ಮುಂಚಕ್ರ ಜೋಡಿಸಿ ಅದನ್ನು ಹಿಮ್ಮುಖ ತಿರುಗಿಸಿದ. ಬುಗುರಿ ಗುಣ ರದ್ದಾದರೂ ಸೈಕಲನ್ನು ಸಲೀಸಾಗಿ ಓಡಿಸಬಹುದಿತ್ತು. ಇದನ್ನು ಅವನು 1970ರಲ್ಲಿ ಪ್ರಕಟಿಸಿದ. ಮುಂದೆ 2011ರಲ್ಲಿ ನೆದರ್‌ಲೆಂಡ್ಸ್ ಮತ್ತು ಅಮೆರಿಕದ ಸಂಶೋಧಕರು ಬುಗುರಿ ಗುಣವನ್ನೂ ಟೈರು ಹಿಂದೆ ಬೀಳುವ ಗುಣವನ್ನೂ ತೆಗೆದುಹಾಕಿದ ಪುಟ್ಟ ದ್ವಿಚಕ್ರಿಯೊಂದನ್ನು ನಿರ್ಮಿಸಿದರು. ತಳ್ಳಿಬಿಟ್ಟರೆ ಅದೂ ಸವಾರನಿಲ್ಲದೆ ನೆಟ್ಟಗೆ ಓಡಿತು! ಭಾರ ಹೇಗೆ ಹಂಚಿದೆ ಎನ್ನುವುದೂ ಮುಖ್ಯವೆಂದು ಆಗ ಖಚಿತವಾಯಿತು.

ಇನ್ನು ನಿಧಾನದ ಲೋಕ. ಶಾಲೆಯ ಕ್ರೀಡಾಕೂಟದಲ್ಲಿ ನಿಧಾನ ಸೈಕಲ್ ಸ್ಪರ್ಧೆ ನೋಡಿದವರಿಗೆ ಇದು ಗೊತ್ತು. ಹುಡುಗರು ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಒಂದೇ ಸಮನೆ ಎಳೆದಾಡುತ್ತಾರೆ. ಸೈಕಲ್ ಬೀಳುತ್ತಿರುವ ಕಡೆಗೆ ಚಕ್ರ ತಿರುಗಿಸಿ ಅದನ್ನು ಮತ್ತೆ ಭಾರದ ಅಡಿಗೆ ತರುವ ಕಸರತ್ತು ಅದು. ನಡೆಯುವವನ ವೇಗದಲ್ಲಿ ಬೈಕೂ ಹಾಗೆಯೇ. ವಾಲುವಿಕೆ ನಗಣ್ಯ, ಹ್ಯಾಂಡಲ್ ತಿರುಗಿಸಿದ ಕಡೆಗೇ ಬೈಕು ಹೋಗುತ್ತದೆ. ಎದುರು ತಿರುವು ಆಗಲೂ ಇರುತ್ತದೆ, ಆದರೆ ತೂರಾಟದಲ್ಲಿ ಕಳೆದುಹೋಗಿರುತ್ತದೆ. ವೇಗ ಗಂಟೆಗೆ 20 ಕಿ.ಮೀ. ದಾಟುತ್ತಿದ್ದಂತೆ ಅದೇ ಯಜಮಾನ.

ತೊಡಕಿರುವುದು ಇಲ್ಲಿಯೇ. ಹುಡುಗ ಬೈಕು ಕಲಿಯುವುದು ಮೈದಾನದಲ್ಲಿ, ನಿಧಾನದಲ್ಲಿ. ಹದಿನೆಂಟು ತುಂಬಿ ಗೇರ್ ಬೈಕಿನ ಲೈಸೆನ್ಸಿಗೆ ಹೋದಾಗ ಹಾಕಿ ತೋರಿಸುವ ‘8’ ಕೂಡ ನಿಧಾನದ ವಿದ್ಯೆಯೇ. ಅದು ಬೇಕು, ನಿಜ. ಆದರೆ ಹೆದ್ದಾರಿಯಲ್ಲಿ ಬೇಕಾಗುವ ಇನ್ನೊಂದು ವಿದ್ಯೆಯನ್ನು ಯಾರೂ ಕೇಳುವುದಿಲ್ಲ. ದಿನನಿತ್ಯದ ಸವಾರಿಯಲ್ಲಿ ಕೈ ಅದನ್ನು ತಾನಾಗಿ ಮಾಡುತ್ತದೆ, ತೊಂದರೆಯಿಲ್ಲ. ಆದರೆ ತಿರುವಿನ ನಡುವೆ ಧುತ್ತೆಂದು ಬಸ್ಸು ಎದುರಾದಾಗ, ಹೆದರಿದ ಮನಸ್ಸು ಕೈಯ ಕೆಲಸಕ್ಕೆ ತಲೆ ಹಾಕುತ್ತದೆ. ಎಡತಿರುವಿನಲ್ಲಿ ಇನ್ನಷ್ಟು ಎಡಕ್ಕೆ ಹೋಗಬೇಕೆಂದು ಹ್ಯಾಂಡಲನ್ನು ಎಡಕ್ಕೇ ಎಳೆದರೆ ವಾಲಿದ ಬೈಕು ಎದ್ದು ನಿಂತು ಬಲಕ್ಕೆ, ಅಂದರೆ ಬಸ್ಸಿನ ದಾರಿಗೇ ಹೋಗುತ್ತದೆ. ಬೇಕಾಗಿದ್ದದ್ದು ಎಡ ಹಿಡಿಯನ್ನು ಮುಂದಕ್ಕೆ ಒತ್ತುವುದು.

ಅಮೆರಿಕದಲ್ಲಿ ಹ್ಯಾರಿ ಹರ್ಟ್ ಮತ್ತು ಸಂಗಡಿಗರು ಲಾಸ್ ಏಂಜಲಿಸ್ ಸುತ್ತಮುತ್ತ ನಡೆದ 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟರು. ಅಪಘಾತಕ್ಕೆ ಸಿಕ್ಕ ಸವಾರರಲ್ಲಿ ಎದುರು ತಿರುವು ಬಳಸಿ ಪಕ್ಕಕ್ಕೆ ತಪ್ಪಿಸಿಕೊಳ್ಳುವ ಸಾಮರ್ಥ್ಯ ಇರಲಿಲ್ಲವೆಂದೇ ಹೇಳಬೇಕು ಎನ್ನುತ್ತದೆ ಅದು. ಹೆಚ್ಚಿನವರು ಹಿಂದಿನ ಬ್ರೇಕನ್ನು ಬಲವಾಗಿ ತುಳಿದು ಚಕ್ರ ಜಾರಿಸಿದ್ದರು, ಮುಂದಿನ ಬ್ರೇಕನ್ನು ಸಾಕಷ್ಟು ಹಿಡಿದಿರಲಿಲ್ಲ. ಅಪಾಯ ಕಂಡದ್ದಕ್ಕೂ ಡಿಕ್ಕಿಗೂ ನಡುವೆ ಅವರಿಗೆ ಸಿಕ್ಕಿದ್ದು ಸಾಮಾನ್ಯವಾಗಿ ಎರಡು ಸೆಕೆಂಡಿಗೂ ಕಡಿಮೆ. ಯೋಚಿಸಿ ನಿರ್ಧರಿಸುವಷ್ಟು ಹೊತ್ತಲ್ಲ ಅದು.

ಬ್ರೇಕಿನ ವಿಷಯದಲ್ಲಿ ಘರ್ಷಣೆಯನ್ನು ತಿಂಗಳ ಸಂಬಳದಂತೆ ತಿಳಿಯಬೇಕು. ಇರುವುದು ಇಷ್ಟೇ, ತಿರುಗಲು ಖರ್ಚಾದದ್ದು ಬ್ರೇಕಿಗೆ ಸಿಗುವುದಿಲ್ಲ. ವೇಗ ಇಳಿಸುವ ಕೆಲಸ ತಿರುವಿಗೆ ಮೊದಲೇ, ಬೈಕು ನೆಟ್ಟಗಿರುವಾಗಲೇ ಮುಗಿಯಬೇಕು. ಭಾರತದಲ್ಲಿ 125 ಸಿ.ಸಿ. ಮೀರಿದ ಹೊಸ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಎ.ಬಿ.ಎಸ್. ಕಡ್ಡಾಯವಾಗಿದೆ. ಅದು ಬ್ರೇಕ್ ಹಿಡಿದಾಗ ಚಕ್ರ ಕಚ್ಚಿ ನಿಲ್ಲದಂತೆ ನೋಡಿಕೊಳ್ಳುತ್ತದೆ. ಇಲ್ಲದ ಘರ್ಷಣೆಯನ್ನು ಹುಟ್ಟಿಸುವ ಶಕ್ತಿ ಅದಕ್ಕಿಲ್ಲ.

ಎದುರು ತಿರುವಿನ ಅನುಭವ ಪಡೆಯಲು ವಾಹನ ಸಂಚಾರವಿಲ್ಲದ ಅಗಲವಾದ ಜಾಗ, ತಲೆಗೆ ಹೆಲ್ಮೆಟ್, 30 ಕಿ.ಮೀ. ವೇಗ ಸಾಕು. ನೇರ ಹೋಗುತ್ತ ಬಲ ಹಿಡಿಯನ್ನು ಬೆರಳಿನಿಂದೆಂಬಂತೆ ಮೆಲ್ಲನೆ ಮುಂದಕ್ಕೆ ಒತ್ತಿದರೆ ಬೈಕು ಬಲಕ್ಕೆ ವಾಲುತ್ತದೆ, ಎಡ ಹಿಡಿ ಒತ್ತಿದರೆ ಎಡಕ್ಕೆ. ದಿನಕ್ಕೆ ಹತ್ತು ನಿಮಿಷದಂತೆ ಕೆಲವು ದಿನ ಮಾಡಿದರೆ ಕೈಗೆ ಗೊತ್ತಿದ್ದದ್ದು ತಲೆಗೂ ಗೊತ್ತಾಗುತ್ತದೆ.

ಹಿಂದೆ ಕೂರುವ ಅಪ್ಪ ಅಮ್ಮಂದಿರಿಗೂ ಇದರಲ್ಲಿ ಪಾಲಿದೆ. ಮಗ ಬೈಕು ವಾಲಿಸಿದಾಗ ಭಯದಿಂದ ಹೊರಬದಿಗೆ ಮೈ ಎಳೆದುಕೊಂಡರೆ ಅದೇ ತಿರುವಿಗೆ ಬೈಕು ಇನ್ನಷ್ಟು ವಾಲಬೇಕಾಗುತ್ತದೆ. ಸೀರೆಯುಟ್ಟು ಒಂದೇ ಬದಿಗೆ ಕಾಲು ಬಿಟ್ಟು ಕೂತಾಗಲಂತೂ ನೇರ ರಸ್ತೆಯಲ್ಲೂ ಭಾರ ಒಂದು ಕಡೆ ಹೆಚ್ಚು. ಬಲತಿರುವಿನಲ್ಲಿ ಸವಾರನ ಬಲಭುಜದ ಮೇಲಿಂದ, ಎಡತಿರುವಿನಲ್ಲಿ ಎಡಭುಜದ ಮೇಲಿಂದ ಮುಂದಿನ ರಸ್ತೆ ನೋಡುತ್ತಿದ್ದರೆ ಆಯಿತು, ಮೈ ಎಷ್ಟು ಬೇಕೋ ಅಷ್ಟು ತಾನಾಗಿ ವಾಲುತ್ತದೆ.